ಕಡಲೇ ತವರಾದ ತಾಯಿಯ ಮಕ್ಕಳು

ಐರ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಕನೀಲಿ ಅನ್ನುವ ಮನೆತನ ಇದೆ. ಕಾನೆಮಾರಾ ಸೀಮೆಯಲ್ಲಿ, ಅದರ ಎದುರಿಗಿರುವ ಅರಾನ್ ದ್ವೀಪಗಳಲ್ಲಿ ಈ ಹೆಸರಿನವರು ಇವತ್ತಿಗೂ ಬೇಕಾದಷ್ಟು ಜನ ಇದ್ದಾರೆ. ಅಂಗಡಿ ಬೋರ್ಡಿನ ಮೇಲೆ, ಸಮಾಧಿ ಕಲ್ಲಿನ ಮೇಲೆ ಈ ಹೆಸರು ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಇವರ ಬಗ್ಗೆ ಒಂದು ಹಳೆಯ ಮಾತಿದೆ. ಇವರೂ ಸೀಲ್‌ಗಳೂ, ಅಂದರೆ ಕಡಲಲ್ಲಿ ಈಜುತ್ತಾ ದಡಕ್ಕೂ ಬಂದು ಹೋಗುವ ಆ ಪ್ರಾಣಿಗಳೂ, ಒಂದೇ ವಂಶದವರಂತೆ.

ನಾನು ಕೆಲಸಕ್ಕೆಂದು ಇದೇ ಕರಾವಳಿಯ ಗಾಲ್ವೇ ನಗರಕ್ಕೆ ಬಂದವಳು. ಬಂದ ಮೇಲೆ ಈ ಮಾತು ಕಿವಿಗೆ ಬಿತ್ತು, ಅಲ್ಲಿಂದ ಓದುತ್ತಾ ಹೋದೆ. ಓದಿದಷ್ಟೂ ಒಂದು ಬೇಸರ ಜಾಸ್ತಿಯಾಯಿತು. ಜಗತ್ತಿಗೆಲ್ಲ ಈಗ ಗೊತ್ತಿರುವುದು ‘ಸೆಲ್ಕಿ’ ಅನ್ನುವ ಚೆಲುವೆ ಮಾತ್ರ. ತೊಗಲು ಕಳಚಿ ದಂಡೆಯ ಮೇಲೆ ಕೂತ ಹೆಣ್ಣು, ಬೆಳದಿಂಗಳು, ಪ್ರೇಮ. ಅವಳ ಚಿತ್ರ ಇರುವ ಕಪ್ಪುಗಳೂ ಸರಗಳೂ ಪ್ರವಾಸಿಗಳಿಗೆ ಸಿಗುತ್ತವೆ. ಆದರೆ ಅವಳ ಮಕ್ಕಳು ಏನಾದರು, ಆ ಮಕ್ಕಳ ಮಕ್ಕಳು ಹೇಗೆ ಬದುಕಿದರು, ಇದನ್ನು ಯಾರೂ ಕೇಳುವುದಿಲ್ಲ. ನನಗೆ ಕಥೆಯ ಜೀವ ಇರುವುದೇ ಅಲ್ಲಿ ಅನ್ನಿಸುತ್ತದೆ.

ಕಥೆ ನಿಮಗೆ ಗೊತ್ತಿರಬಹುದು, ಬೇಗ ಹೇಳಿಬಿಡುತ್ತೇನೆ. ಸೀಲ್ ಒಂದು ದಡಕ್ಕೆ ಬಂದು ತೊಗಲು ಕಳಚಿದಾಗ ಹೆಣ್ಣಾಗುತ್ತದೆ. ಒಬ್ಬ ಮೀನುಗಾರ ಆ ತೊಗಲನ್ನು ಕದ್ದು ಬಚ್ಚಿಡುತ್ತಾನೆ. ತೊಗಲಿಲ್ಲದೆ ಅವಳು ಕಡಲಿಗೆ ಹೋಗಲಾರಳು. ಅವನ ಹೆಂಡತಿಯಾಗುತ್ತಾಳೆ, ಮಕ್ಕಳನ್ನು ಹೆರುತ್ತಾಳೆ, ಮನೆಗೆಲಸ ಮಾಡುತ್ತಾಳೆ, ಆದರೆ ಕಣ್ಣು ಮಾತ್ರ ಸಮುದ್ರದ ಕಡೆಗೇ. ಒಂದು ದಿನ ಹುಲ್ಲು ಹೊದಿಸಿದ ಮಾಡಿನ ಸಂದಿಯಲ್ಲೋ ಅಟ್ಟದ ಮೇಲೋ ಮಕ್ಕಳ ಕಣ್ಣಿಗೆ ಆ ತೊಗಲು ಬೀಳುತ್ತದೆ. ಅವರು ಅಮ್ಮನಿಗೆ ಹೇಳುತ್ತಾರೆ. ಅಮ್ಮ ಹೊರಟುಬಿಡುತ್ತಾಳೆ. ಎಷ್ಟೋ ಜನ ಇಲ್ಲಿಗೇ ಕಥೆ ಮುಗಿಸುತ್ತಾರೆ. ಕರಾವಳಿಯ ಜನ ಮಾತ್ರ ಇಲ್ಲಿಗೆ ನಿಲ್ಲಿಸುತ್ತಿರಲಿಲ್ಲ. ಕೆಲವರು ಹೇಳುವ ಪ್ರಕಾರ ಅವಳು ಆಮೇಲೂ ಮಕ್ಕಳ ತಲೆ ಬಾಚಲು ಬಂದು ಹೋಗುತ್ತಿದ್ದಳು. ಇನ್ನು ಕೆಲವರ ಪ್ರಕಾರ ಮಕ್ಕಳಿಗೆಂದು ಬಂಡೆಯ ಮೇಲೆ ಮೀನು ಇಟ್ಟು ಹೋಗುತ್ತಿದ್ದಳು. ಕೊನೆಗೆ ಹೇಳುವವರು ಒಂದು ಮಾತು ಸೇರಿಸುತ್ತಿದ್ದರು: ಇಂಥ ಮನೆತನದವರು ಅವಳ ಸಂತಾನ, ಅವರು ಸೀಲ್‌ಗಳನ್ನು ಮುಟ್ಟುವುದಿಲ್ಲ.

ಆ ಕೊನೆಯ ಮಾತಿಗಾಗಿಯೇ ಈ ಬರಹ.

ನಮ್ಮ ಮನೆಗಳಲ್ಲಿ ತಾಯಿಯ ತವರಿನವರ ಸ್ಥಾನ ಏನು ಅಂತ ಯೋಚಿಸಿ. ಅಪ್ಪನ ಕಡೆಯವರು ಎಷ್ಟೇ ದೊಡ್ಡವರಿರಲಿ, ಸೋದರಮಾವ ಬಂದರೆ ಅವನಿಗೆ ಬೇರೆಯೇ ಮರ್ಯಾದೆ. ತವರಿಗೆ ಕೇಡು ಬಯಸುವ ಮಗನನ್ನು ಊರು ಕ್ಷಮಿಸುವುದಿಲ್ಲ. ಈ ಕಣ್ಣಿನಿಂದ ಸೆಲ್ಕಿ ಕಥೆ ನೋಡಿದರೆ ಎಲ್ಲವೂ ಬದಲಾಗುತ್ತದೆ. ದೋಣಿಯ ಪಕ್ಕ ತಲೆ ಎತ್ತಿ ನೋಡುವ ಆ ಸೀಲ್ ಯಾವುದೋ ಪ್ರಾಣಿಯಲ್ಲ, ಅಮ್ಮನ ಅಣ್ಣತಮ್ಮ. ಅಪ್ಪ ಮಾಡಿದ್ದು ಕಳ್ಳತನ. ಅವಳ ಒಪ್ಪಿಗೆ ಕೇಳದೆ ಕಟ್ಟಿದ ಸಂಸಾರ ಅದು. ಅದನ್ನು ಪ್ರೇಮಕಥೆ ಅಂತ ಕರೆಯಲು ನನ್ನಿಂದ ಆಗುವುದಿಲ್ಲ. ಆದರೆ ಮಕ್ಕಳು ಏನು ಮಾಡಿದರು ನೋಡಿ. ಅಪ್ಪನ ಕಸುಬನ್ನೇ ಮುಂದುವರಿಸಿದರು, ಅದೇ ಕಡಲಿಗೆ ಇಳಿದರು, ಆದರೆ ಅಮ್ಮನ ಕಡೆಯವರ ಮೇಲೆ ಕೈ ಎತ್ತಲಿಲ್ಲ. ಅಪ್ಪನ ತಪ್ಪಿಗೆ ಮಕ್ಕಳು ಕಟ್ಟಿಕೊಂಡು ಬಂದ ಋಣ ಇದು ಅಂತ ನಾನು ಓದಿಕೊಳ್ಳುತ್ತೇನೆ.

ಕನೀಲಿಗಳ ವಿಷಯ ಬರಹದಲ್ಲಿ ಸಿಗುವುದು ಒಂದು ಹಳೆಯ ಪುಸ್ತಕದ ಟಿಪ್ಪಣಿಯಲ್ಲಿ. ರೋಡೆರಿಕ್ ಓ’ಫ್ಲಾಹರ್ಟಿ ಅನ್ನುವವರು 1684ರಲ್ಲಿ ಈ ಪಶ್ಚಿಮ ಸೀಮೆಯ ಬಗ್ಗೆ ಒಂದು ವಿವರಣೆ ಬರೆದಿದ್ದರು. ಗಾಲ್ವೇಯ ಇತಿಹಾಸಕಾರ ಜೇಮ್ಸ್ ಹಾರ್ಡಿಮನ್ ಅದನ್ನು ಟಿಪ್ಪಣಿಗಳ ಸಮೇತ 1846ರಲ್ಲಿ ಪ್ರಕಟಿಸಿದರು. ಅಲ್ಲಿ ಅವರು ಬರೆಯುತ್ತಾರೆ: ಕನೀಲಿ ಕುಲದ ಕೆಲವರು ಹಿಂದೆ ಮಾಟದಿಂದ ಸೀಲ್‌ಗಳಾದರಂತೆ. ಇದನ್ನು ನಂಬುವವರು ಕೆಲವು ಕಡೆ ಈಗಲೂ ಇದ್ದಾರೆ. ಕನೀಲಿ ಮನುಷ್ಯನೊಬ್ಬನನ್ನು ಕೊಂದು ತಿನ್ನುವುದು ಹೇಗೆ ಆಗದ ಮಾತೋ, ಸೀಲನ್ನು ಕೊಲ್ಲುವುದೂ ತಿನ್ನುವುದೂ ಅವರಿಗೆ ಹಾಗೆಯೇ.

ಇಲ್ಲಿ ಸೀಲ್ ಹೆಂಡತಿ ಇಲ್ಲ, ಗಮನಿಸಿದಿರಾ? ಮನೆಯ ಜನರೇ ಸೀಲ್‌ಗಳಾಗಿ ಹೋದವರು. ಒಂದು ಕಥೆಯಲ್ಲಿ ಕಡಲಿನಿಂದ ಅಮ್ಮ ಬಂದಳು, ಇನ್ನೊಂದರಲ್ಲಿ ನಮ್ಮವರೇ ಕಡಲಿಗೆ ಹೋದರು. ದಾರಿ ಬೇರೆ ಬೇರೆ. ಕೊಲ್ಲಬಾರದು ಅನ್ನುವ ಕಟ್ಟುಪಾಡು ಮಾತ್ರ ಎರಡರಲ್ಲೂ ಒಂದೇ. ಕಥೆಗಳು ಬದಲಾಗುತ್ತಾ ಹೋದರೂ ನಡವಳಿಕೆ ಬದಲಾಗಲಿಲ್ಲ. ಹಾಗಾಗಿ ನನಗೆ ನಡವಳಿಕೆಯೇ ಮುಖ್ಯ.

1846 ಅನ್ನುವ ಇಸವಿ ನೋಡಿ. ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ಬಿದ್ದದ್ದು 1845ರಲ್ಲಿ. ಮಾರನೆಯ ವರ್ಷ ಬೆಳೆ ಹೆಚ್ಚುಕಡಿಮೆ ಪೂರ್ತಿ ನೆಲಕಚ್ಚಿತು. ಮಹಾ ಬರಗಾಲದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಅತಿ ಹೆಚ್ಚು ನರಳಿದ ಸೀಮೆಗಳಲ್ಲಿ ಈ ಪಶ್ಚಿಮ ಕರಾವಳಿಯೂ ಒಂದು. ಅಂಥ ಬಡ ನೆಲದ ಜನ ‘ಇದನ್ನು ತಿನ್ನಲಾರೆ, ಇದು ನಮ್ಮವರು’ ಅಂತ ಹೇಳುತ್ತಿದ್ದರು ಅನ್ನುವುದು ಅದೇ ವರ್ಷ ಅಚ್ಚಾಗಿದೆ. ಹೊಟ್ಟೆ ತುಂಬಿದವರು ಆಡುವ ಪ್ರಾಣಿದಯೆಯ ಮಾತಲ್ಲ ಅದು.

ಸೀಲ್ ಆಗ ತಿನ್ನುವ ವಸ್ತುವೇ ಆಗಿರಲಿಲ್ಲ ಅಂತ ಅಂದುಕೊಳ್ಳಬೇಡಿ. ದಕ್ಷಿಣಕ್ಕೆ ಕೆರ್ರಿ ಸೀಮೆಯ ಬ್ಲಾಸ್ಕೆಟ್ ದ್ವೀಪದವರು ಸೀಲ್ ಬೇಟೆ ಆಡುತ್ತಿದ್ದರು. ಆ ದ್ವೀಪದ ತೊಮಾಸ್ ಓ ಕ್ರಿಹನ್ 1929ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಅದನ್ನು ಹೇಳಿದ್ದಾರೆ. ಕಡಲ ಗವಿಗಳ ಒಳಗೆ ಈಜಿಕೊಂಡು ಹೋಗಿ, ಕತ್ತಲಲ್ಲಿ ಸೀಲ್‌ಗಳನ್ನು ಬಡಿದು ಕೊಂದು, ಹಗ್ಗ ಕಟ್ಟಿ ಹೊರಗೆ ಎಳೆಯುತ್ತಿದ್ದರು. ಎಣ್ಣೆ ದೀಪಕ್ಕೆ, ಮಾಂಸ ಊಟಕ್ಕೆ. ಮಾಂಸಕ್ಕೆ ಎಂಥ ಬೆಲೆ ಇತ್ತು ಅಂದರೆ ಅದನ್ನು ಕೊಟ್ಟು ಹಂದಿಮಾಂಸ ತರಬಹುದಿತ್ತು. ಒಂದು ಸಲ ಒಂದು ಸೀಲ್ ತೊಮಾಸ್ ಅವರ ಕಾಲಿನ ಮಾಂಸವನ್ನೇ ಕಚ್ಚಿ ಕಿತ್ತಿತು. ಗಾಯ ಮಾಯಲೆಂದು ಆ ಜಾಗಕ್ಕೆ ಸೀಲ್ ಮಾಂಸದ ತುಂಡನ್ನೇ ಇಟ್ಟು ಕಟ್ಟಿದರು. ಓದುವಾಗ ಮೈ ಜುಮ್ಮೆಂದಿತು. ಮನುಷ್ಯನ ಮಾಂಸ ಹೋದ ಜಾಗಕ್ಕೆ ಸೀಲಿನ ಮಾಂಸ. ಅದೂ ಬೇಟೆಗಾರರ ಊರಿನಲ್ಲಿ! ಕೊಲ್ಲುವವರ ಮನಸ್ಸಿನಲ್ಲೂ ಎರಡು ಮೈಗಳ ನಡುವಿನ ಗೆರೆ ಅಷ್ಟು ತೆಳುವಾಗಿತ್ತು.

ಅವರನ್ನು ನಾನು ದೂರುವುದಿಲ್ಲ. ಆ ದ್ವೀಪದ ಬದುಕು ಎಷ್ಟು ಕಷ್ಟದ್ದಾಗಿತ್ತು ಅಂದರೆ 1953ರಲ್ಲಿ ಉಳಿದ ಕೆಲವೇ ಜನರನ್ನು ಸರ್ಕಾರ ಅಲ್ಲಿಂದ ಕರೆತರಬೇಕಾಯಿತು. ನನಗೆ ಹೇಳಬೇಕಾದ್ದು ಇಷ್ಟೇ: ಅದೇ ಕಡಲು, ಅದೇ ಬಡತನ, ಒಂದು ಕಡೆ ಬೇಟೆ, ಇನ್ನೊಂದು ಕಡೆ ಸಂಬಂಧ. ಕನೀಲಿಗಳು ಸೀಲನ್ನು ಬಿಟ್ಟದ್ದು ಬೇಡವಾಗಿ ಅಲ್ಲ, ಬೇಕಿದ್ದರೂ ಬಿಟ್ಟದ್ದು.

ಸ್ಕಾಟ್ಲೆಂಡಿನ ನಾರ್ತ್ ಯುಯಿಸ್ಟ್ ದ್ವೀಪದಲ್ಲೂ ಇಂಥದ್ದೇ ಒಂದು ಮನೆತನ ಇತ್ತು, ಮ್ಯಾಕ್ ಕಾಡ್ರಮ್. ‘ಸೀಲ್‌ಗಳ ಮ್ಯಾಕ್ ಕಾಡ್ರಮ್’ ಅಂತಲೇ ಅವರನ್ನು ಕರೆಯುತ್ತಿದ್ದರು. 18ನೇ ಶತಮಾನದ ಹೆಸರಾಂತ ಗೇಲಿಕ್ ಕವಿ ಜಾನ್ ಮ್ಯಾಕ್ ಕಾಡ್ರಮ್ ಆ ಮನೆಯವರು. ಆ ವಂಶದ ಒಬ್ಬ ಹೆಂಗಸಿನ ಬಗ್ಗೆ ಒಂದು ಹೇಳಿಕೆ ಉಳಿದಿದೆ. ವರ್ಷಕ್ಕೊಮ್ಮೆ ಸೀಲ್ ಬೇಟೆ ನಡೆಯುವ ಹೊತ್ತಿಗೆ ಅವಳಿಗೆ ತಡೆಯಲಾಗದ ನೋವು ಬರುತ್ತಿತ್ತಂತೆ. ಅಲ್ಲಿ ಬಂಡೆಯ ಮೇಲೆ ಯಾರನ್ನೋ ಬಡಿಯುತ್ತಾರೆ, ಇಲ್ಲಿ ಮನೆಯಲ್ಲಿ ಇವಳು ಒದ್ದಾಡುತ್ತಾಳೆ. ತವರಿಗೆ ಏನಾದರೂ ಆದರೆ ಹೆಣ್ಣಿಗೆ ಮೊದಲೇ ತಿಳಿಯುತ್ತದೆ ಅಂತ ನನ್ನಜ್ಜಿ ಹೇಳುತ್ತಿದ್ದರು. ಅಜ್ಜಿಗೆ ಈ ಕಥೆ ಹೇಳಿದ್ದರೆ ಒಂದು ಚೂರೂ ಆಶ್ಚರ್ಯ ಪಡುತ್ತಿರಲಿಲ್ಲ.

ಈ ನಂಬಿಕೆ ಎಲ್ಲಿಂದ ಬಂತು ಅಂತ ವಿವರಿಸುವವರು ಬಹಳ. ಕೈಬೆರಳು ಕೂಡಿಕೊಂಡು ಹುಟ್ಟುವ ಮಕ್ಕಳಿಂದ ಹುಟ್ಟಿದ ಕಥೆ ಅಂತ ಕೆಲವರು. ತೊಗಲಿನ ದೋಣಿಯಲ್ಲಿ ಉತ್ತರದಿಂದ ಬಂದ ಜನರನ್ನು ನೋಡಿ ಕಟ್ಟಿದ ಕಥೆ ಅಂತ ಇನ್ನು ಕೆಲವರು. ಇರಬಹುದು. ನನಗೆ ಅದರಲ್ಲಿ ಅಷ್ಟು ಆಸಕ್ತಿ ಇಲ್ಲ. ಒಂದು ಸಲ ಸೀಲನ್ನು ಹತ್ತಿರದಿಂದ ನೋಡಿದವರಿಗೆ ಅಷ್ಟು ದೂರದ ಕಾರಣ ಬೇಕಾಗುವುದೇ ಇಲ್ಲ. ನೀರಿನಲ್ಲಿ ನೆಟ್ಟಗೆ ನಿಂತು, ತಲೆಯಷ್ಟೇ ಹೊರಗಿಟ್ಟು, ಅಷ್ಟು ದೊಡ್ಡ ಕಪ್ಪು ಕಣ್ಣುಗಳಿಂದ ನಮ್ಮನ್ನು ನೋಡುತ್ತದೆ. ನಾವು ನಡೆದರೆ ದಡದುದ್ದಕ್ಕೂ ಜೊತೆಗೇ ಬರುತ್ತದೆ. ಮುಂದಿನ ಈಜುಗಾಲಿನಲ್ಲಿ ಐದು ಬೆರಳು, ಉಗುರು. ಮರಿ ಅತ್ತರೆ ಹಸುಗೂಸು ಅತ್ತ ಹಾಗೆಯೇ ಕೇಳಿಸುತ್ತದೆ.

ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೂದು ಸೀಲಿನ ಬಾಣಂತನ. ಇಲ್ಲಿ ಚಳಿಗಾಲ ಶುರುವಾಗುವ ಹೊತ್ತಿಗೆ, ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಅವು ದಡಕ್ಕೆ ಬಂದು ಮರಿ ಹಾಕುತ್ತವೆ. ಮರಿಗೆ ಮೈತುಂಬ ಬಿಳಿ ತುಪ್ಪಳ. ಹುಟ್ಟುವಾಗ ಸುಮಾರು 14 ಕಿಲೋ ತೂಗುವ ಮರಿ ಮೂರು ವಾರದೊಳಗೆ 40 ಕಿಲೋ ದಾಟುತ್ತದೆ. ತಾಯಿಯ ಹಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಕೊಬ್ಬೇ. ಆ ದಿನಗಳಲ್ಲಿ ತಾಯಿ ಏನೂ ತಿನ್ನುವುದಿಲ್ಲ, ತನ್ನ ಮೈಯನ್ನೇ ಕರಗಿಸಿ ಮರಿಗೆ ಕೊಡುತ್ತಾಳೆ. ಸುಮಾರು 18 ದಿನ ಆದ ಮೇಲೆ ಮರಿಯನ್ನು ದಡದಲ್ಲೇ ಬಿಟ್ಟು ಕಡಲಿಗೆ ಹೊರಟುಹೋಗುತ್ತಾಳೆ. ಮತ್ತೆ ಬರುವುದಿಲ್ಲ. ಮರಿ ಆ ಬಿಳಿ ತುಪ್ಪಳ ಕಳಚಿ, ಹಸಿವು ತಡೆಯಲಾಗದೆ ತಾನೇ ನೀರಿಗೆ ಇಳಿಯುತ್ತದೆ.

ತೊಗಲು ಕಳಚುವುದು, ಮಕ್ಕಳನ್ನು ದಡದಲ್ಲಿ ಬಿಟ್ಟು ಅಮ್ಮ ಕಡಲಿಗೆ ಮರಳುವುದು. ಎರಡೂ ಇಲ್ಲೇ ಇವೆ ಅಲ್ವಾ? ಪ್ರತಿ ವರ್ಷ, ಮನೆಯ ಮುಂದಿನ ಕಲ್ಲುದಂಡೆಯಲ್ಲಿ ಜನ ಇದನ್ನು ನೋಡುತ್ತಿದ್ದರು. ಕಥೆ ಕಟ್ಟಿದವರು ಸುಮ್ನೆ ಕನಸು ಕಂಡವರಲ್ಲ, ಗಮನ ಇಟ್ಟು ನೋಡಿದವರು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಈಗಿನ ಮಾತಿಗೆ ಬರುತ್ತೇನೆ, ಯಾಕೆಂದರೆ ವಿಷಯ ಇನ್ನೂ ಮುಗಿದಿಲ್ಲ. ಐರ್ಲೆಂಡಿನಲ್ಲಿ 1976ರ ವನ್ಯಜೀವಿ ಕಾಯ್ದೆ ಸೀಲ್‌ಗಳಿಗೆ ರಕ್ಷಣೆ ಕೊಟ್ಟಿದೆ. ಆದರೂ 2004ರಲ್ಲಿ ಬ್ಲಾಸ್ಕೆಟ್ ಗುಂಪಿನ ಬೆಗಿನಿಷ್ ದ್ವೀಪದಲ್ಲಿ ಮರಿಗಳೂ ಸೇರಿ ಹತ್ತಾರು ಬೂದು ಸೀಲ್‌ಗಳನ್ನು ಕೊಂದು ಹಾಕಿದರು. ಸೀಲ್‌ಗಳು ಬಲೆಗೆ ಬಿದ್ದ ಮೀನನ್ನು ಕಚ್ಚಿ ಹಾಳು ಮಾಡುತ್ತವೆ, ಬಲೆ ಹರಿಯುತ್ತವೆ, ಸಂಖ್ಯೆ ಇಳಿಸಲು ಅನುಮತಿ ಕೊಡಿ ಅಂತ ಮೀನುಗಾರರು ಕೇಳುತ್ತಲೇ ಇದ್ದಾರೆ. ಅವರ ಸಂಕಟ ಸುಳ್ಳಲ್ಲ. ಸಣ್ಣ ದೋಣಿ ಇಟ್ಟುಕೊಂಡವನಿಗೆ ಒಂದು ದಿನದ ಹಿಡಿತ ಹೋದರೆ ಅದು ದೊಡ್ಡ ನಷ್ಟವೇ.

ಆದರೆ ಈ ಜಗಳದಲ್ಲಿ ಎರಡು ಕಡೆಯವರೂ ಆಡುವುದು ಲೆಕ್ಕದ ಮಾತು. ಇಷ್ಟು ಸೀಲ್, ಇಷ್ಟು ಟನ್ ಮೀನು. ಹಳಬರಿಗೂ ಸೀಲ್ ಮೀನು ಕದಿಯುತ್ತದೆ ಅಂತ ಗೊತ್ತಿತ್ತು. ಗೊತ್ತಿದ್ದೂ ಸಂಬಂಧ ಕಡಿದುಕೊಳ್ಳಲಿಲ್ಲ. ನೆಂಟರು ಅಂದ ಮೇಲೆ ನಷ್ಟವೂ ಇರುತ್ತದೆ, ಅದನ್ನು ಸಹಿಸಬೇಕು ಅನ್ನುವುದು ಅವರ ಬದುಕಿನ ಲೆಕ್ಕದಲ್ಲೇ ಸೇರಿತ್ತು. ಆ ನಷ್ಟವನ್ನು ಈಗ ಒಬ್ಬ ಬಡ ಮೀನುಗಾರನ ತಲೆಗೆ ಮಾತ್ರ ಕಟ್ಟುವುದು ಅನ್ಯಾಯ. ಸೀಲ್ ಚಿತ್ರ ತೋರಿಸಿ ಪ್ರವಾಸಿಗಳಿಂದ ದುಡ್ಡು ಮಾಡುವ ದೇಶ, ಬಲೆ ಹರಿದವನಿಗೆ ಪೂರ್ತಿ ಪರಿಹಾರ ಕೊಡಲಿ. ಕೊಲ್ಲುವ ಪರವಾನಗಿ ಮಾತ್ರ ಬೇಡ.

ಮೇಯೋ ಸೀಮೆಯ ಇನಿಷ್‌ಕೀ ದ್ವೀಪಗಳ ವಿಷಯ ಹೇಳದೆ ಇರಲಾರೆ. 1927ರ ಅಕ್ಟೋಬರ್ 28ರ ರಾತ್ರಿ ಎದ್ದ ಬಿರುಗಾಳಿಗೆ ಈ ಕರಾವಳಿಯಲ್ಲಿ 45 ಮೀನುಗಾರರು ಸತ್ತರು. ಅವರಲ್ಲಿ 10 ಜನ ಇನಿಷ್‌ಕೀಯ ಹುಡುಗರು. ಆ ದುಃಖದಿಂದ ದ್ವೀಪದವರು ಚೇತರಿಸಿಕೊಳ್ಳಲೇ ಇಲ್ಲ. ಕೆಲವೇ ವರ್ಷಗಳಲ್ಲಿ ಮನೆಗಳನ್ನು ಬಿಟ್ಟು ಎದುರಿನ ನೆಲಕ್ಕೆ ಬಂದು ನೆಲೆಸಿದರು. ಮಾಡಿಲ್ಲದ ಗೋಡೆಗಳು ಈಗಲೂ ಅಲ್ಲಿ ನಿಂತಿವೆ. ಇವತ್ತು ಇಡೀ ಐರ್ಲೆಂಡಿನಲ್ಲಿ ಬೂದು ಸೀಲ್‌ಗಳು ಅತಿ ಹೆಚ್ಚು ಮರಿ ಹಾಕುವ ಜಾಗಗಳಲ್ಲಿ ಇನಿಷ್‌ಕೀಯೂ ಒಂದು.

ಓದುವ ಆಸೆ ಇರುವವರಿಗೆ ಒಂದು ದಾರಿ ಹೇಳುತ್ತೇನೆ. 1937ರಿಂದ 1939ರವರೆಗೆ ಐರ್ಲೆಂಡಿನ ಪ್ರಾಥಮಿಕ ಶಾಲೆಯ ಮಕ್ಕಳು ತಮ್ಮ ಮನೆಯ, ನೆರೆಯ ಹಿರಿಯರನ್ನು ಕೇಳಿ ಕಥೆ, ನಂಬಿಕೆ, ಮನೆಮದ್ದು ಎಲ್ಲವನ್ನೂ ಬರೆದಿಟ್ಟರು. ಸುಮಾರು 5,000 ಶಾಲೆಗಳು ಇದರಲ್ಲಿ ಸೇರಿದ್ದವು. ಆ ಬರಹಗಳು ‘ದೂಖಸ್’ ಅನ್ನುವ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ, ಮಕ್ಕಳ ಕೈಬರಹದಲ್ಲೇ. ಸೀಲ್ ಅಂತ ಹುಡುಕಿ. ಐರಿಷ್ ಭಾಷೆಯ ಪುಟಗಳು ಬೇಕಿದ್ದರೆ ‘ರೋನ್’ ಅಂತ ಹುಡುಕಬೇಕು, ಸೀಲಿಗೆ ಅವರ ಹೆಸರು ಅದೇ. ಹಿರಿಯರ ಬಾಯಿಂದ ಕೇಳಿದ್ದನ್ನು ಮಕ್ಕಳು ಹೆಚ್ಚು ಬಣ್ಣ ಹಚ್ಚದೆ ಬರೆದಿದ್ದಾರೆ. ನಮ್ಮಲ್ಲಿ ಮಕ್ಕಳಿಗೆ ಕಥೆ ಹೇಳುವ ಶಿಕ್ಷಕರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಅಲ್ಲಿಂದ ಒಂದೆರಡು ಕಥೆ ಕನ್ನಡಕ್ಕೆ ತನ್ನಿ. ಮೊದಲ ಕರಡನ್ನು ನಾನು ಮಾಡಿಕೊಡಲು ಸಿದ್ಧ, ಇನ್‌ಬಾಕ್ಸ್‌ಗೆ ಬರೆಯಿರಿ.