ದಾಸೋಜನ ಮಗ

ಶಾಲೆಯ ಪ್ರವಾಸದಲ್ಲಿ ಬೇಲೂರಿಗೆ ಹೋಗಿಬಂದ ಮಕ್ಕಳಿಗೆ ಚೆನ್ನಕೇಶವ ದೇವಾಲಯದ ನಕ್ಷತ್ರಾಕಾರದ ಜಗತಿಯಾಗಲಿ, ವಿಷ್ಣುವರ್ಧನನು 1117ರಲ್ಲಿ ದೇವರನ್ನು ಪ್ರತಿಷ್ಠಾಪಿಸಿದ ಸಂಗತಿಯಾಗಲಿ ನೆನಪಿನಲ್ಲಿ ಉಳಿಯುವುದು ಕಡಿಮೆ. ಕಪ್ಪೆಯ ಕಥೆಯನ್ನು ಮಾತ್ರ ಯಾರೂ ಮರೆಯುವುದಿಲ್ಲ. ಹೆಂಡತಿ ಗರ್ಭಿಣಿಯಾಗಿದ್ದಾಗ ಊರು ಬಿಟ್ಟ ಜಕಣಾಚಾರಿ, ಬೆಳೆದು ಅಪ್ಪನನ್ನು ಹುಡುಕಿಕೊಂಡು ಹೊರಟ ಡಂಕಣ, ಮೂರ್ತಿಯಲ್ಲಿ ದೋಷವಿದೆಯೆಂದು ಆ ಹುಡುಗ ಆಡಿದ ಮಾತು, ದೋಷ ತೋರಿಸಿದರೆ ಬಲಗೈಯನ್ನೇ ಕತ್ತರಿಸಿಕೊಳ್ಳುತ್ತೇನೆಂದು ಹಿರಿಯನು ಕಟ್ಟಿದ ಪಂಥ, ಮೂರ್ತಿಯ ಮೈಗೆಲ್ಲ ಬಳಿದ ಗಂಧ ಹೊಕ್ಕುಳ ಬಳಿ ಮಾತ್ರ ಒಣಗದೆ ಉಳಿದದ್ದು, ಅಲ್ಲಿ ಉಳಿಯಿಟ್ಟು ಹೊಡೆದಾಗ ನೀರಿನೊಡನೆ ಹೊರಬಿದ್ದ ಕಪ್ಪೆ, ಇವೆಲ್ಲ ನಮ್ಮ ಕಡೆ ಎಲ್ಲರಿಗೂ ಬಾಯಿಪಾಠ. ಎದುರಿಗಿರುವವನು ಮಗನೆಂದು ಜಕಣಾಚಾರಿಗೆ ತಿಳಿಯುವುದು ಕೈ ಹೋದ ಮೇಲೆ. ಇಡೀ ಕಥೆಯಲ್ಲಿ ತಂದೆ ಮಗನ ನಡುವೆ ನಡೆಯುವ ಮಾತುಕತೆ ಒಂದೇ, ಅದೂ ಕೆಲಸದಲ್ಲಿ ಆದ ತಪ್ಪಿನ ಬಗ್ಗೆ. ಈ ಕಥೆಯನ್ನು ಮೊದಲು ಕಟ್ಟಿದವರ ಮನೆಯಲ್ಲಿ ಮೀಸೆ ಮೂಡಿದ ಮಗನೊಬ್ಬ ಇದ್ದೇ ಇರಬೇಕು.

ಆದರೆ ಬೇಲೂರಿನ ಶಿಲ್ಪಿಗಳು ತಮ್ಮ ಕೆಲಸದ ಜೊತೆಯಲ್ಲೇ ಕೆತ್ತಿಕೊಂಡ ಹೆಸರುಗಳಲ್ಲಿ ಜಕಣಾಚಾರಿ ಸಿಗುವುದಿಲ್ಲ. ಸಿಗುವವರು ಬಳ್ಳಿಗಾವೆಯಿಂದ ಬಂದ ದಾಸೋಜ ಮತ್ತು ಅವನ ಮಗ ಚಾವಣ. ಕಂಬಗಳ ಮೇಲೆ ಸೂರಿಗೆ ಒರಗಿ ನಿಂತಿರುವ ಮದನಿಕೆಯರಲ್ಲಿ ಕೆಲವರು ಅಪ್ಪನ ಕೈಯಿಂದ ಬಂದವರು, ಕೆಲವರು ಮಗನ ಕೈಯಿಂದ. ಇವರ ಬಗ್ಗೆ ದಂತಕಥೆ ಇಲ್ಲ. ಕೈ ಕತ್ತರಿಸಿಕೊಳ್ಳದ, ಒಬ್ಬರನ್ನೊಬ್ಬರು ಸೋಲಿಸದ, ಒಂದೇ ಗುಡಿಗೆ ಬಂದು ಕೆಲಸ ಮುಗಿಸಿ ಹೆಸರು ಕೆತ್ತಿ ಹೋದ ತಂದೆ ಮಗನಿಂದ ಯಾವ ಕಥೆ ತಾನೆ ಹುಟ್ಟೀತು? ಸಾಹಿತ್ಯಕ್ಕೆ ಡಂಕಣ ಬೇಕು. ಜೀವನ ನಡೆಯುವುದು ಹೆಚ್ಚಾಗಿ ಚಾವಣನಂಥವರಿಂದ.

ಕಾವ್ಯಗಳತ್ತ ತಿರುಗಿದರೂ ಇದೇ ಪಾಡು. ರನ್ನನ ದುರ್ಯೋಧನ ರಣರಂಗದಲ್ಲಿ ಮಗ ಲಕ್ಷಣಕುಮಾರನ ಹೆಣದ ಮುಂದೆ ನಿಂತು, ತಂದೆಗೆ ಮಗ ತರ್ಪಣ ಕೊಡಬೇಕಾದಲ್ಲಿ ನಾನು ನಿನಗೆ ಕೊಡುವಂತಾಯಿತಲ್ಲ, ಕ್ರಮವನ್ನೇ ತಿರುವುಮುರುವು ಮಾಡಿದೆಯಲ್ಲ ಎಂದು ಹಲುಬುತ್ತಾನೆ. ಮಗನೊಡನೆ ಅವನು ಅಷ್ಟು ಮನಬಿಚ್ಚಿ ಮಾತನಾಡುವುದು ಕೇಳುವ ಕಿವಿ ಇಲ್ಲವಾದಾಗ.

ಹೊಯ್ಸಳರ ಆಸ್ಥಾನದಲ್ಲಿ ಬೇರೆಯೇ ಒಂದು ವಿನೋದವಿದೆ. ಇಮ್ಮಡಿ ವೀರಬಲ್ಲಾಳ ತಂದೆ ನರಸಿಂಹನ ವಿರುದ್ಧ ತಿರುಗಿಬಿದ್ದು 1173ರಲ್ಲಿ ಪಟ್ಟಕ್ಕೆ ಬಂದವನು. ಅವನ ಕಾಲದಲ್ಲೇ, 1209ರಲ್ಲಿ, ಜನ್ನ ತಾಯಿಯ ಮಾತನ್ನು ಮೀರಲಾರದ ಮಗನ ಕಥೆಯಾದ ‘ಯಶೋಧರ ಚರಿತೆ’ಯನ್ನು ಬರೆದ. ಅಪ್ಪನ ಮಾತು ಕೇಳದವನು ರಾಜ್ಯವಾಳಿದ, ಅಮ್ಮನ ಮಾತು ಕೇಳಿದವನು ನವಿಲಾಗಿ ಹುಟ್ಟಿದ! ಪ್ರಾಣಿಬಲಿ ಕೊಡು ಎಂದ ತಾಯಿಗೆ ಇಲ್ಲವೆನ್ನಲಾರದೆ, ಜೀವಹತ್ಯೆಗೂ ಮನಸ್ಸೊಪ್ಪದೆ, ಯಶೋಧರ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟು ಜನ್ಮಜನ್ಮಾಂತರ ತೊಳಲಿದ. ಆ ಕೋಳಿ ಇಂದಿಗೂ ನಮ್ಮ ಮನೆಗಳಲ್ಲಿ ಬೇಯುತ್ತಲೇ ಇದೆ. ಬೆಂಗಳೂರಿನಲ್ಲಿ ಫ್ಲ್ಯಾಟು ಕೊಂಡ ಮಗ, ದೇವರನ್ನು ತಾನು ನಂಬದಿದ್ದರೂ, ಸತ್ಯನಾರಾಯಣ ಪೂಜೆಗೆ ಪಂಚೆಯುಟ್ಟು ಕುಳಿತುಕೊಳ್ಳುತ್ತಾನೆ. ಹರಕೆಯ ಮುಡಿ ಬೇಡವೆಂದು ವಾದಿಸಿ ಕೊನೆಗೆ ಒಂದೆಳೆ ಕೂದಲು ಕತ್ತರಿಸಲು ಒಪ್ಪುತ್ತಾನೆ. ತಾಯಿಗೂ ಅದು ಹಿಟ್ಟಿನ ಕೋಳಿಯೆಂದು ಗೊತ್ತಿರುತ್ತದೆ, ಆದರೂ ಮಗ ಕುಳಿತನಲ್ಲ ಎಂಬ ಸಮಾಧಾನ ಅವಳಿಗೆ.

ತಾಯಂದಿರು ನಮ್ಮ ಮನೆಗಳಲ್ಲಿ ಅಂಚೆ ಕಚೇರಿಯ ಕೆಲಸವನ್ನೂ ಮಾಡುತ್ತಾರೆ. ಹಜಾರದಲ್ಲಿ ಎರಡು ಕುರ್ಚಿಗಳ ಅಂತರದಲ್ಲಿ ಕುಳಿತ ಅಪ್ಪ, “ಸಂಜೆ ಜೀಪು ಬೇಕೋ ಏನೋ, ಕೇಳು ಅವನನ್ನ” ಎಂದು ಅಡುಗೆಮನೆಯತ್ತ ಕೂಗುತ್ತಾನೆ. ಮಗನೂ ಅತ್ತಲೇ ಮುಖಮಾಡಿ, “ಬೇಡ ಅಂತ ಹೇಳಮ್ಮ” ಎನ್ನುತ್ತಾನೆ. ಇಬ್ಬರೂ ಇಬ್ಬರ ಮಾತನ್ನೂ ಕೇಳಿಸಿಕೊಂಡಿರುತ್ತಾರೆ, ಆದರೂ ಸಾರು ಕುದಿಸುತ್ತಿರುವ ಆಕೆ ಅದನ್ನು ಮತ್ತೊಮ್ಮೆ ಹೇಳಿ ಮುಟ್ಟಿಸುವವರೆಗೆ ಮಾತು ತಲುಪಿದ ಲೆಕ್ಕಕ್ಕೆ ಬರುವುದಿಲ್ಲ. ಚೆನ್ನರಾಯಪಟ್ಟಣದ ಸೀಮೆಯವರಾದ ಭೈರಪ್ಪನವರ ‘ಗೃಹಭಂಗ’ದಲ್ಲಿ ನಂಜಮ್ಮ ಇರುವವರೆಗೆ ಮನೆಯೆಂಬುದೊಂದು ಹೇಗೋ ನಿಂತಿರುತ್ತದೆ. ಅವಳು ಪ್ಲೇಗಿಗೆ ತುತ್ತಾದ ಮೇಲೆ ಉಣ್ಣುವುದೊಂದನ್ನೇ ಬಲ್ಲ ಚೆನ್ನಿಗರಾಯನಿಗೂ ಮಗ ವಿಶ್ವನಿಗೂ ನಡುವೆ ಏನೂ ಉಳಿಯುವುದಿಲ್ಲ. ಹುಡುಗನ ಕೈ ಹಿಡಿದು ಊರಾಚೆ ಕರೆದೊಯ್ಯುವುದಕ್ಕೆ ಮಾದೇವಯ್ಯನವರು ಬೇಕಾಗುತ್ತದೆ. ಚೆನ್ನಿಗರಾಯನನ್ನು ಓದಿ ನಕ್ಕವರೇ ಹೆಚ್ಚು. ನನಗೆ ಆ ನಗು ಅಷ್ಟಾಗಿ ಬರಲಿಲ್ಲ.

ಕಾಫಿ ಸೀಮೆಯ ಗಂಡಸರಿಗೆ ಇನ್ನೊಂದು ಅನುಕೂಲವಿದೆ, ಅದು ಮಳೆ. ಮೂಡಿಗೆರೆಯಲ್ಲಾಗಲಿ ಸಕಲೇಶಪುರದಲ್ಲಾಗಲಿ ಮಳೆಯನ್ನು ಇಂಚು ಮತ್ತು ಸೆಂಟುಗಳಲ್ಲಿ ಅಳೆಯುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ಆಮೇಲೆ ಕಾಯಿ ನಿಲ್ಲಬೇಕಾದರೆ ಬ್ಯಾಕಿಂಗ್ ಮಳೆಯೂ ಬೇಕು. ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕುವಷ್ಟು ನೀರು ಕೆರೆಯಲ್ಲಿದೆಯೇ ಎಂಬ ಚಿಂತೆ. ಹೀಗಿರುವಾಗ ಊರಿನಿಂದ ಫೋನ್ ಮಾಡಿದ ಅಪ್ಪ ಮಗನಿಗೆ, “ಇಲ್ಲಿ ಎಂಬತ್ತು ಸೆಂಟಾಯ್ತು” ಎಂದರೆ ಅದರಲ್ಲಿ ಕ್ಷೇಮಸಮಾಚಾರ, ಸಾಲದ ಕಂತು, ಈ ವರ್ಷ ಗೊಬ್ಬರಕ್ಕೆ ದುಡ್ಡು ಕಳಿಸಬೇಕಾಗಿಲ್ಲವೆಂಬ ಸೂಚನೆ ಎಲ್ಲವೂ ಅಡಗಿರುತ್ತದೆ. ಮಗ “ಪಕ್ಕದ ತೋಟಕ್ಕೆ ಎಷ್ಟಂತೆ?” ಎಂದು ಕೇಳುತ್ತಾನೆ, ಅಪ್ಪ ಅವರಿಗೆ ಅರುವತ್ತೇ ಎಂದು ಸಣ್ಣ ಸಂತೋಷದಲ್ಲಿ ಹೇಳುತ್ತಾನೆ. ಅಲ್ಲಿಗೆ ಇಬ್ಬರ ಮಾತೂ ಮುಗಿಯಿತು, ಫೋನು ಅಮ್ಮನ ಕೈಗೆ ಹೋಯಿತು. ತಂದೆ ಮಕ್ಕಳು ಮನಸ್ಸು ಬಿಚ್ಚಿ ಮಾತನಾಡಬೇಕೆಂದು ಪತ್ರಿಕೆಗಳಲ್ಲಿ ಸಲಹೆ ಕೊಡುವವರಿಗೆ ಮಳೆಮಾಪಕದ ಉಪಯೋಗ ತಿಳಿದಂತಿಲ್ಲ.

ಈ ಸೀಮೆಯಲ್ಲಿ ಬಾಳಿದ ಮಕ್ಕಳಲ್ಲಿ ಪೂರ್ಣಚಂದ್ರ ತೇಜಸ್ವಿಯವರದು ವಿಶೇಷ ಉದಾಹರಣೆ. ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ಮಹಾಕವಿಯ ಮಗ, ಮೇಷ್ಟರ ಕೆಲಸದ ದಾರಿ ಬಿಟ್ಟು ಮೂಡಿಗೆರೆಯಲ್ಲಿ ಕಾಫಿ ಬೆಳೆಯಲು ಹೊರಟರೆ ಆ ಕಾಲದ ಎಷ್ಟು ತಂದೆಯರು ಒಪ್ಪುತ್ತಿದ್ದರು? 1966ರಲ್ಲಿ ಮಗನ ಮದುವೆಗೆ ಕುವೆಂಪು ಮಾಡಿದ್ದು ಪುರೋಹಿತರಿಲ್ಲದ, ವರದಕ್ಷಿಣೆಯಿಲ್ಲದ, ಓದಿದರೆ ಅರ್ಥವಾಗುವ ಮಂತ್ರಮಾಂಗಲ್ಯವನ್ನು ರೂಪಿಸಿಕೊಟ್ಟದ್ದು. ಜನ ಅದನ್ನು ಸಾಮಾಜಿಕ ಕ್ರಾಂತಿಯೆಂದು ಸರಿಯಾಗಿಯೇ ಕೊಂಡಾಡುತ್ತಾರೆ, ಆದರೆ ಒಬ್ಬ ಅಪ್ಪ ಮಗನಿಗೆ ತನಗೆ ಬರುವ ಕೆಲಸವನ್ನೇ ಮಾಡಿ ಕೊಟ್ಟ ಉಡುಗೊರೆಯೆಂದೂ ಅದನ್ನು ನೋಡಬಹುದು. ಮಗ ತನ್ನ ಸರದಿಯಲ್ಲಿ ‘ಅಣ್ಣನ ನೆನಪು’ ಬರೆದರು. ಮನೆಯಲ್ಲಿ ಅಪ್ಪನನ್ನು ಕರೆಯುತ್ತಿದ್ದುದು ಅಣ್ಣ ಎಂದೇ. ಪುಸ್ತಕ ಬಂದಾಗ ಕುವೆಂಪು ಇರಲಿಲ್ಲ, ಅವರು ತೀರಿಕೊಂಡದ್ದು 1994ರಲ್ಲಿ.

ಎದುರಿಗೆ ಹೇಳದೆ ಉಳಿಸಿಕೊಂಡ ಮೆಚ್ಚುಗೆಯನ್ನು ಅಪ್ಪಂದಿರು ಪೂರ್ತಿ ನುಂಗುತ್ತಾರೆಂದು ತಿಳಿಯುವುದು ತಪ್ಪು. ಅದನ್ನು ಮೂರನೆಯವರ ಬಳಿ ಖರ್ಚು ಮಾಡುತ್ತಾರೆ. ಚಿಕ್ಕಮಗಳೂರಿನ ಸುತ್ತ ಈಗ ತೋಟದ ಮನೆಗಳೆಲ್ಲ ಹೋಂಸ್ಟೇಗಳಾಗುತ್ತಿವೆ. ಬೆಂಗಳೂರಿನ ನೌಕರಿ ಬಿಟ್ಟು ಬಂದ ಮಗ ಮೊದಲಿಗೆ ಆ ಮಾತೆತ್ತಿದಾಗ, ಮನೆಗೆ ಬಂದವರಿಗೆ ಊಟ ಹಾಕಿ ದುಡ್ಡು ಕೇಳುವುದು ಎಲ್ಲಿಯ ಮರ್ಯಾದೆ ಎಂದು ಅಪ್ಪ ವಾರಗಟ್ಟಲೆ ಮುಖ ಗಂಟಿಕ್ಕಿಕೊಂಡಿರುತ್ತಾನೆ, ಮಾತೆಲ್ಲ ಅಡುಗೆಮನೆಯ ಮಾರ್ಗವಾಗಿಯೇ ನಡೆಯುತ್ತದೆ. ಮುಂದಿನ ವರ್ಷ ಹೋಗಿ ನೋಡಿದರೆ, ಜಗಲಿಯಲ್ಲಿ ಅತಿಥಿಗಳನ್ನು ಸುತ್ತ ಕೂರಿಸಿಕೊಂಡು ಗಿಡಕಸಿ (ಕಾಫಿ ಗಿಡದ ರೆಂಬೆ ಸವರುವುದು), ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಎಂದರೇನೆಂದು ವಿವರಿಸುತ್ತಿರುವವನು ಅದೇ ಅಪ್ಪ. “ಇದೆಲ್ಲ ನಮ್ಮ ಹುಡುಗಂದೇ ತಲೆ, ನಂಗೇನೂ ಗೊತ್ತಿಲ್ಲ” ಎಂದು ಅಪರಿಚಿತರ ಮುಂದೆ ಅವನು ಹೇಳುವುದು, ಒಳಗೆ ತಟ್ಟೆ ಜೋಡಿಸುತ್ತಿರುವ ಮಗನಿಗೂ ಕೇಳಿಸುತ್ತದೆ. ಅತಿಥಿಗಳು ಹೊರಟುಹೋದ ಮೇಲೆ ಮಗನ ಪಾಲಿಗೆ ಬರುವುದು ಮಾತ್ರ ರಾತ್ರಿಯಿಡೀ ಗೀಸರ್ ಹಾಕಿಟ್ಟದ್ದು ಯಾರು, ಕರೆಂಟು ಬಿಲ್ಲು ಯಾರ ಅಪ್ಪ ಕಟ್ಟುತ್ತಾನೆ ಎಂಬ ಪ್ರಶ್ನೆ.