ಗಾಜು ಉಜ್ಜಿದವರು ಬಲ್ಬ್ ನೋಡಲಿಲ್ಲ

"ಅಕ್ಕಾ, ನಿಮ್ ಗಾಡೀಲಿ ಬ್ರೇಕ್ ಲೈಟೇ ಹತ್ತಲ್ವಲ್ಲ. ಬಾಳ್ಳುಪೇಟೆಯಿಂದ ನಿಮ್ ಹಿಂದೇನೇ ಬರ್ತಿದೀನಿ, ಎರಡು ಸಲ ಗುದ್ದೋದ್ರಲ್ಲಿ ತಪ್ತು."

ಸಕಲೇಶಪುರದಲ್ಲಿ ಕಾಫಿಗೆ ಅಂತ ನಿಲ್ಲಿಸಿದ್ದೆವು. ನಮ್ಮ ಹಿಂದೆಯೇ ಬಂದು ನಿಂತ ಪಿಕಪ್ ಗಾಡಿಯ ಹುಡುಗ ಇಳಿದು ಬಂದು ಈ ಮಾತು ಹೇಳಿದ. ಜುಲೈ ತಿಂಗಳು, ಬಿಟ್ಟೂ ಬಿಡದ ಮಳೆ. ಸೆಕೆಂಡ್ ಹ್ಯಾಂಡ್ ಕಾರು, ಮನೆಗೆ ಬಂದು ಹನ್ನೊಂದು ದಿನವಾಗಿತ್ತು. ಮೊದಲ ಪ್ರಯಾಣ ಧರ್ಮಸ್ಥಳಕ್ಕೇ ಆಗಬೇಕು ಅಂತ ಅಮ್ಮ ಹರಕೆ ಹೊತ್ತಿದ್ದರು. ಬೆಳಿಗ್ಗೆ ಹಾಸನದಲ್ಲಿ ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ನನ್ನ ಮಗಳು. ಇನ್ನು ಸ್ವಲ್ಪ ಹೊತ್ತಿಗೆ ಶಿರಾಡಿ ಘಾಟಿ ಇಳಿಯಬೇಕಿತ್ತು. ಆ ತಿರುವುಗಳಲ್ಲಿ, ಆ ಮಳೆಯಲ್ಲಿ, ನಾನು ಬ್ರೇಕ್ ಹಾಕಿದ್ದು ಹಿಂದೆ ಬರುವ ಟ್ಯಾಂಕರ್ ಡ್ರೈವರ್‌ಗೆ ಗೊತ್ತೇ ಆಗದಿದ್ದರೆ? ಕೈಯಲ್ಲಿದ್ದ ಕಾಫಿ ಕುಡಿಯೋಕಾಗಲಿಲ್ಲ.

ಅಲ್ಲೇ ಹತ್ತಿರ ಒಂದು ಸಣ್ಣ ಗ್ಯಾರೇಜ್ ಇತ್ತು. ಮೆಕ್ಯಾನಿಕ್ ಸ್ಕ್ರೂ ಬಿಚ್ಚಿ ಹಿಂದಿನ ಲೈಟಿನ ಸೆಟ್ ಕೈಗೆ ತಗೊಂಡ. ಹೊರಗಿನ ಕೆಂಪು ಗಾಜು ಫಳಫಳ ಹೊಳೀತಿತ್ತು, ಪಾಲಿಶ್ ಮಾಡೋ ಕಾಂಪೌಂಡ್ ಹಾಕಿ ಉಜ್ಜಿದ್ದು ನೋಡಿದರೇ ಗೊತ್ತಾಗುವಷ್ಟು. ಒಳಗೆ ಬಲ್ಬ್ ಸುಟ್ಟು ಕರ್ರಗಾಗಿತ್ತು, ಹೋಲ್ಡರ್ ತುಂಬ ಹಸಿರು ಕಿಲುಬು. ಇನ್ನೊಂದು ಕಡೆಯದೂ ಅದೇ ಕಥೆ. "ಇದು ನಿನ್ನೆ ಮೊನ್ನೆ ಹೋಗಿದ್ದಲ್ಲ ಅಕ್ಕ, ಕಿಲುಬು ನೋಡಿ, ತಿಂಗಳುಗಟ್ಟಲೆ ಆಗಿದೆ" ಅಂದ. ಎರಡು ಬಲ್ಬ್, ಹೋಲ್ಡರ್ ಉಜ್ಜಿದ ಕೂಲಿ ಎಲ್ಲಾ ಸೇರಿ 180 ರೂಪಾಯಿ. ವೈಪರ್ ರಬ್ಬರ್ ಕೂಡ ಹರಿದು, ಡ್ರೈವರ್ ಕಣ್ಣಿನ ನೇರಕ್ಕೇ ಒಂದು ಪಟ್ಟಿ ನೀರು ಬಿಟ್ಟು ಹೋಗ್ತಿತ್ತು. ಅದರ ಜೋಡಿಗೆ 550. ಒಟ್ಟು 730 ರೂಪಾಯಿ, ಮುಕ್ಕಾಲು ಗಂಟೆ.

ಅಲ್ಲಿಂದಲೇ ಕಾರು ಮಾರಿದ ಡೀಲರ್‌ಗೆ ಫೋನ್ ಮಾಡಿದೆ. ಜಗಳಕ್ಕಲ್ಲ, ಹೇಳಬೇಕು ಅನ್ನಿಸಿತು ಅಷ್ಟೇ. ಅವರು ಸಮಾಧಾನವಾಗಿಯೇ ಹೇಳಿದರು: "ಮೇಡಂ, ಸೆಕೆಂಡ್ ಹ್ಯಾಂಡ್ ಗಾಡಿ ಅಂದ್ಮೇಲೆ ಸಣ್ಣಪುಟ್ಟದು ಇದ್ದೇ ಇರುತ್ತೆ. ನೀವು ನೋಡಿಯೇ ತಗೊಂಡಿದ್ದಲ್ವಾ?"

ಆ ಮಾತು ಇವತ್ತಿಗೂ ನನ್ನ ತಲೆಯಿಂದ ಹೋಗಿಲ್ಲ. ಅದಕ್ಕೇ ಇಷ್ಟುದ್ದ ಬರೀತಿದೀನಿ.

ಹಳೆ ಕಾರು ಹೊಸದರ ಹಾಗಿರಬೇಕು ಅಂತ ನಾನು ಕೇಳ್ತಿಲ್ಲ. ಏಳು ವರ್ಷ ಓಡಿದ ಗಾಡಿ. ಬಂಪರ್ ಮೇಲೆ ಗೀಚು ಇರಲಿ, ಸೀಟು ಸವೆದಿರಲಿ, ಹಿಂದಿನ ಸ್ಪೀಕರ್ ಕೂಗದೇ ಇರಲಿ. ಅದಕ್ಕೆ ತಾನೇ ಬೆಲೆ ಕಡಿಮೆ. ಆದರೆ ಬ್ರೇಕ್ ಲೈಟು, ಹೆಡ್‌ಲೈಟು, ವೈಪರ್, ಹಾರ್ನ್, ಸೀಟ್ ಬೆಲ್ಟಿನ ಲಾಕು, ಬ್ರೇಕ್ ಪ್ಯಾಡ್, ಟೈರು, ಇವು "ಸಣ್ಣಪುಟ್ಟ"ದ ಪಟ್ಟಿಗೆ ಸೇರೋದೇ ಇಲ್ಲ. ಖರ್ಚು ಸಣ್ಣದಿರಬಹುದು. ಕೆಟ್ಟರೆ ಆಗುವ ಅನಾಹುತ ಸಣ್ಣದಲ್ಲ. ಇವಿಷ್ಟನ್ನು ಡೀಲರ್ ಸರಿ ಮಾಡಿಸಿಯೇ ಮಾರಬೇಕು, ಕೊಳ್ಳೋರು ಕೇಳಲಿ ಬಿಡಲಿ. ಇದರಲ್ಲಿ ನನಗೆ ಎರಡು ಮಾತಿಲ್ಲ.

ನಮ್ಮ ಕಡೆ ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳೋರು ಯಾರು ಅಂತ ಒಂದು ಸಲ ಯೋಚನೆ ಮಾಡಿ. ಬಹುಪಾಲು ಜನಕ್ಕೆ ಅದೇ ಮೊದಲ ಕಾರು. ಇಷ್ಟು ದಿನ ಸ್ಕೂಟರಿನಲ್ಲಿ ಮಗುವನ್ನು ಮುಂದೆ ನಿಲ್ಲಿಸಿಕೊಂಡು ಓಡಾಡಿದವರು. ನಾನು ಚೀಟಿ ಎತ್ತಿದ ದುಡ್ಡಿಗೆ ಬ್ಯಾಂಕ್ ಸಾಲ ಸೇರಿಸಿ ತಗೊಂಡೆ. ಇನ್ಶೂರೆನ್ಸ್, ಹೆಸರು ಬದಲಾವಣೆ, ಪೂಜೆ ಅಂತ ಮುಗಿಸೋ ಹೊತ್ತಿಗೆ ಕೈ ಖಾಲಿ. ಆ ಮೊದಲ ವಾರದಲ್ಲೇ ರಿಪೇರಿ ಬಂದರೆ ಜನ "ಮುಂದಿನ ತಿಂಗಳು ಸಂಬಳ ಬರಲಿ" ಅಂತ ಮುಂದೂಡ್ತಾರೆ. ಕೆಟ್ಟ ಟೈರಿನಲ್ಲೇ ಒಂದು ತಿಂಗಳು ಓಡಿಸ್ತಾರೆ.

ಡೀಲರ್‌ಗಳ ಹತ್ತಿರ ದುಡ್ಡಿಲ್ಲ, ಸಮಯ ಇಲ್ಲ ಅನ್ನೋದನ್ನು ನಾನು ಒಪ್ಪಲ್ಲ. ಯಾಕಂದ್ರೆ ಅವರು ಖರ್ಚು ಮಾಡ್ತಾರೆ, ನಮ್ಮ ಕಣ್ಣಿಗೆ ಬೀಳೋ ಕಡೆ ಮಾತ್ರ. ಕಾರಿನ ಮೈಗೆಲ್ಲ ಪಾಲಿಶ್, ಒಳಗೆಲ್ಲ ಶಾಂಪೂ ವಾಶ್, ಹೊಸ ಸೀಟ್ ಕವರ್, ಡ್ಯಾಶ್‌ಬೋರ್ಡ್ ಮೇಲೆ ಸೆಂಟಿನ ಬಾಟಲಿ. ಟೈರಿಗೆ ಕಪ್ಪು ಪಾಲಿಶ್ ಹೊಡೆದರೆ ಪಕ್ಕದಲ್ಲಿರೋ ಸಣ್ಣ ಬಿರುಕು ಮುಚ್ಚಿಹೋಗುತ್ತೆ. ಎಂಜಿನ್ ತೊಳೆದು ಒರೆಸಿಟ್ಟರೆ ಆಯಿಲ್ ಎಲ್ಲಿಂದ ಜಿನುಗ್ತಿತ್ತು ಅನ್ನೋ ಗುರುತೇ ಹೋಗುತ್ತೆ. ನನ್ನ ಕಾರಿನಲ್ಲೂ ಒಬ್ಬರು ಕೂತು ಆ ಕೆಂಪು ಗಾಜನ್ನು ತಾಳ್ಮೆಯಿಂದ ಉಜ್ಜಿದ್ದಾರೆ. ಉಜ್ಜಿದ ಕೈ ಎರಡು ಸ್ಕ್ರೂ ಬಿಚ್ಚಿದ್ದರೆ ಸಾಕಿತ್ತು. ಗಾಜು ಹೊಳೆದರೆ ಬೆಲೆ ಬರುತ್ತೆ, ಬಲ್ಬ್ ಹತ್ತಿದರೆ ಬೆಲೆ ಬರಲ್ಲ, ಅನ್ನೋದೇ ಅವರ ಲೆಕ್ಕ. ನನಗೆ ನೋವಾಗಿದ್ದು ಅಲ್ಲಿ.

"ನಿಮ್ಮ ಮೆಕ್ಯಾನಿಕ್ ಕರ್ಕೊಂಡು ಬಂದು ನೋಡಿಸಬೇಕಿತ್ತು" ಅಂತ ಈಗಾಗಲೇ ಕೆಲವರು ಹೇಳಿದ್ದಾರೆ. ಕರ್ಕೊಂಡು ಹೋಗಿದ್ದೆವು. ತಮ್ಮನ ಸ್ನೇಹಿತ, ಕೆಲಸ ಬಲ್ಲ ಹುಡುಗ. ಎಂಜಿನ್ ಶಬ್ದ ಕೇಳಿದ, ಕ್ಲಚ್ ನೋಡಿದ, ಬಾನೆಟ್ ಕೆಳಗೆ ಆಕ್ಸಿಡೆಂಟ್ ಗುರುತು ಹುಡುಕಿದ, ಎರಡು ಕಿಲೋಮೀಟರ್ ಓಡಿಸಿದ. ಬಿಸಿಲಿತ್ತು, ವೈಪರ್ ಹಾಕಿ ನೋಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಬ್ರೇಕ್ ಲೈಟಿನ ವಿಷಯವಂತೂ ಹೀಗೆ: ಪೆಡಲ್ ತುಳಿಯೋನಿಗೆ ಲೈಟ್ ಕಾಣಲ್ಲ, ಲೈಟ್ ನೋಡೋನಿಗೆ ಪೆಡಲ್ ಸಿಗಲ್ಲ. ಒಬ್ಬ ಒಳಗೆ, ಒಬ್ಬ ಹಿಂದೆ ನಿಂತರೆ ಮಾತ್ರ ಗೊತ್ತಾಗೋದು. ಕೊಳ್ಳೋರಿಗೆ ಸಿಗೋದು ಅರ್ಧ ಗಂಟೆ. ಡೀಲರ್ ಹತ್ತಿರ ಗಾಡಿ ವಾರಗಟ್ಟಲೆ ನಿಂತಿರುತ್ತೆ, ತೊಳೆಯೋ ಹುಡುಗರಿರ್ತಾರೆ, ಗೊತ್ತಿರೋ ಗ್ಯಾರೇಜ್ ಇರುತ್ತೆ. ನೋಡೋ ಹೊಣೆ ಯಾರ ಮೇಲೆ ಹೆಚ್ಚಿರಬೇಕು?

ಆದರೂ ಇದಕ್ಕೆ ಇನ್ನೊಂದು ಮುಖ ಇದೆ. ಅದು ನನಗೆ ಮೊದಲು ಹೊಳೆದಿರಲಿಲ್ಲ. ನಮ್ಮೂರಿನ ಹಿರಿಯ ಮೆಕ್ಯಾನಿಕ್ ಒಬ್ಬರ ಹತ್ತಿರ ಈ ಮಾತು ಎತ್ತಿದಾಗ ಅವರು ತಲೆ ಅಲ್ಲಾಡಿಸಿದರು. "ಅವ್ರು ರಿಪೇರಿ ಮಾಡಿಸದೇ ಇದ್ರೇನೇ ಒಳ್ಳೇದು ಕಣಮ್ಮ. ತೊಂದರೆ ಹಂಗೇ ಕಾಣ್ತಾ ಇದ್ರೆ ನಾನು ಹಿಡೀತೀನಿ. ತೇಪೆ ಹಾಕಿದ್ರೆ ಮುಚ್ಚೋಗುತ್ತೆ" ಅಂದರು. ರೇಡಿಯೇಟರ್ ಸೋರಿದರೆ ಸೋರಿಕೆ ನಿಲ್ಲಿಸೋ ಪುಡಿ ಸುರಿದು ಬಿಡ್ತಾರಂತೆ, ಅದು ಒಳಗಿನ ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಂಡು ಆಮೇಲೆ ಎಂಜಿನ್ನೇ ಬಿಸಿಯಾಗೋಕೆ ಶುರುವಾಗುತ್ತೆ. ಮೀಟರಿನಲ್ಲಿ ಎಂಜಿನ್ ಲೈಟ್ ಹತ್ತಿದರೆ ಸ್ಕ್ಯಾನರ್ ಹಾಕಿ, ಏನು ಕೆಟ್ಟಿದೆ ಅಂತ ತೋರಿಸೋ ಕೋಡ್ ಅಳಿಸ್ತಾರೆ. ಕಾರಣ ಹಾಗೇ ಇರೋದರಿಂದ ಕೆಲವು ದಿನ ಓಡಿದ ಮೇಲೆ ಮತ್ತೆ ಹತ್ತುತ್ತೆ, ಅಷ್ಟರಲ್ಲಿ ಗಾಡಿ ನಿಮ್ಮ ಹೆಸರಿಗಾಗಿರುತ್ತೆ. ಗುಜರಿಯಿಂದ ತಂದ ಹಳೇ ಪಾರ್ಟ್ ಹಾಕಿ "ಹೊಸದು ಹಾಕಿಸಿದೀವಿ" ಅನ್ನೋದೂ ಇದೆ.

ಈ ಮಾತು ಕೇಳಿದ ಮೇಲೆ ನನ್ನ ಅಭಿಪ್ರಾಯ ಬದಲಾಗಲಿಲ್ಲ, ಸ್ವಲ್ಪ ಗಟ್ಟಿಯಾಯಿತು. ರಿಪೇರಿ ಅಂದರೆ ಬಿಲ್ ಇರಬೇಕು, ಏನು ಹಾಕಿದರು, ಯಾವತ್ತು ಹಾಕಿದರು ಅಂತ. ಬಿಲ್ ಕೊಡೋಕಾಗದಿದ್ದರೆ ಮುಟ್ಟಬೇಡಿ, ಇರೋದನ್ನು ಇರೋ ಹಾಗೆ ಬರೆದು ಕೊಡಿ. ಸುರಕ್ಷತೆಯದು ಸರಿ ಮಾಡಿಸಿ, ಮಿಕ್ಕಿದ್ದು ಬರೆದು ಕೊಡಿ. ಇಷ್ಟೇ ನಾನು ಕೇಳೋದು.

ಇದು ನಾನು ಹೊಸದಾಗಿ ಹುಟ್ಟಿಸಿದ್ದೂ ಅಲ್ಲ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ತಂದ ತಿದ್ದುಪಡಿಯಲ್ಲಿ 182ಎ ಅನ್ನೋ ಸೆಕ್ಷನ್ ಇದೆ. ವಾಹನದ ರಚನೆ, ಸಲಕರಣೆ, ನಿರ್ವಹಣೆಯ ನಿಯಮಗಳಿಗೆ ವಿರುದ್ಧವಾಗಿರೋ ಗಾಡಿಯನ್ನು ಡೀಲರ್ ಮಾರಿದರೆ ಒಂದು ವರ್ಷದವರೆಗೆ ಜೈಲು, ಅಥವಾ ಗಾಡಿಯೊಂದಕ್ಕೆ 1 ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ಅದರ ಜೊತೆಗೇ ಒಂದು ವಿನಾಯಿತಿ: ಮಾರುವಾಗಲೇ ಗಾಡಿಯಲ್ಲಿ ಇಂಥದ್ದು ಸರಿಯಿಲ್ಲ ಅಂತ ಕೊಳ್ಳೋರಿಗೆ ತಿಳಿಸಿದ್ದೆ ಅಂತ ಸಾಬೀತು ಮಾಡಿದರೆ ಶಿಕ್ಷೆ ಇಲ್ಲ. ಅಂದರೆ ಮುಚ್ಚಿಟ್ಟು ಮಾರಬೇಡ, ಹೇಳಿ ಮಾರು ಅನ್ನೋದನ್ನು ಕಾಯಿದೆಯೇ ಒಪ್ಪಿಕೊಂಡಿದೆ.

2023ರ ಏಪ್ರಿಲ್ 1ರಿಂದ ಇನ್ನೊಂದು ನಿಯಮ ಬಂದಿದೆ. ಹಳೆ ಗಾಡಿ ಮಾರೋ ಡೀಲರ್‌ಗಳು ಆರ್‌ಟಿಒದಿಂದ ಅಧಿಕೃತ ಪತ್ರ ಪಡೀಬೇಕು. ಮಾಲೀಕರು ಗಾಡಿಯನ್ನು ಅವರಿಗೆ ಒಪ್ಪಿಸಿದ್ದನ್ನು ಆನ್‌ಲೈನ್‌ನಲ್ಲಿ ತಿಳಿಸಿದ ಮೇಲೆ, ಮಾರಾಟ ಆಗೋವರೆಗೂ ಕಾನೂನಿನ ಕಣ್ಣಿಗೆ ಆ ಡೀಲರೇ ಮಾಲೀಕ. ಆ ಅವಧಿಯಲ್ಲಿ ಗಾಡಿಯನ್ನು ರಸ್ತೆಗಿಳಿಸೋಕೆ ಕೊಟ್ಟಿರೋ ಕೆಲವೇ ಕಾರಣಗಳಲ್ಲಿ ರಿಪೇರಿ, ಪೇಂಟಿಂಗ್ ಕೂಡ ಸೇರಿವೆ. "ನಾವು ಬರೀ ಮಧ್ಯದಲ್ಲಿರೋರು, ಗಾಡಿ ಯಾರದೋ" ಅನ್ನೋ ಹಳೇ ಮಾತು ಈಗ ನಡೆಯಲ್ಲ.

ಡೀಲರ್‌ಗಳ ಕಡೆಯಿಂದ ನ್ಯಾಯವಾದ ಒಂದು ದೂರು ಇದೆ, ಅದನ್ನೂ ಹೇಳಬೇಕು. 2025ರ ಜನವರಿಯಿಂದ ಹಳೆ ಕಾರಿನ ಮೇಲೆ ಜಿಎಸ್‌ಟಿ 18 ಪರ್ಸೆಂಟ್, ಸಣ್ಣ ಕಾರುಗಳಿಗೆ ಮುಂಚೆ 12 ಇತ್ತು. ತೆರಿಗೆ ಬೀಳೋದು ಇಡೀ ಬೆಲೆಯ ಮೇಲಲ್ಲ, ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರೋ ವ್ಯತ್ಯಾಸದ ಮೇಲೆ. ಆ ಲೆಕ್ಕದಲ್ಲಿ ಇರೋದು ಕೊಂಡ ಬೆಲೆ, ಮಾರಿದ ಬೆಲೆ ಎರಡೇ. ಮಧ್ಯೆ ಬ್ರೇಕ್ ಪ್ಯಾಡಿಗೆ, ಟೈರಿಗೆ ಹಾಕಿದ ದುಡ್ಡಿಗೆ ಅಲ್ಲಿ ಜಾಗ ಇಲ್ಲ. ಪ್ರಾಮಾಣಿಕವಾಗಿ ರಿಪೇರಿ ಮಾಡಿಸಿ ಬೆಲೆ ಏರಿಸಿದ ಡೀಲರ್ ಆ ರಿಪೇರಿ ದುಡ್ಡಿನ ಮೇಲೂ ತೆರಿಗೆ ಕಟ್ಟಬೇಕು. ಇದು ತಪ್ಪು. ಸುರಕ್ಷತೆಗೆ ಬಿಲ್ ಸಮೇತ ಮಾಡಿದ ಖರ್ಚನ್ನಾದರೂ ಕಳೆಯೋಕೆ ಬಿಡಬೇಕು. ಡೀಲರ್‌ಗಳ ಸಂಘದವರು ಇದಕ್ಕೆ ಹೋರಾಡಿದರೆ ನಾನೂ ಅವರ ಜೊತೆ ಸಹಿ ಹಾಕ್ತೀನಿ.

ಬೇರೆ ಕಡೆ ಹೇಗಿದೆ ಅಂತ ಕೇಳೋರಿಗೆ: ಅಮೆರಿಕದಲ್ಲಿ 1985ರಿಂದಲೂ ಡೀಲರ್ ಮಾರೋ ಹಳೆ ಕಾರಿನ ಕಿಟಕಿಗೆ ಒಂದು ಚೀಟಿ ಅಂಟಿಸಲೇಬೇಕು, ವಾರಂಟಿ ಇದೆಯೋ ಅಥವಾ ಇದ್ದ ಹಾಗೇ ಮಾರ್ತಿದಾರೋ ಅಂತ. ಬ್ರಿಟನ್ನಿನಲ್ಲಿ 2015ರ ಕಾಯಿದೆ ಪ್ರಕಾರ ಡೀಲರ್ ಹತ್ತಿರ ಕೊಂಡ ಹಳೆ ಕಾರಿನಲ್ಲಿ ದೋಷ ಇತ್ತು ಅಂತಾದರೆ 30 ದಿನದೊಳಗೆ ವಾಪಸ್ ಕೊಟ್ಟು ದುಡ್ಡು ಕೇಳಬಹುದು. ನಮ್ಮಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ. ಎರಡು ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ಸಹಾಯವಾಣಿ ನಂಬರ್ 1915. ಆದರೆ 730 ರೂಪಾಯಿಗೆ ಯಾರು ಕೆಲಸಕ್ಕೆ ರಜೆ ಹಾಕಿ ಆಯೋಗದ ಬಾಗಿಲಿಗೆ ಅಲೀತಾರೆ? ಸಣ್ಣ ದೋಷಗಳನ್ನು ಹಾಗೇ ಬಿಡೋರಿಗೆ ಇದು ಚೆನ್ನಾಗಿ ಗೊತ್ತು.

ಎಲ್ಲರೂ ಒಂದೇ ಥರ ಅಲ್ಲ ಅನ್ನೋದಕ್ಕೆ ನಮ್ಮ ಸ್ಕೂಲಿನ ಸಹೋದ್ಯೋಗಿಯೇ ಸಾಕ್ಷಿ. ಅವರು ಕಾರು ತಗೊಂಡಿದ್ದು ಪಕ್ಕದ ತಾಲೂಕಿನ ಒಬ್ಬ ಆಟೋ ಕನ್ಸಲ್ಟೆಂಟ್ ಹತ್ತಿರ, ಅಂದರೆ ಹಳೆ ಗಾಡಿ ಮಾರೋರ ಹತ್ತಿರ. ಆ ಮನುಷ್ಯ ನೋಟ್‌ಬುಕ್ ಹಾಳೆ ಹರಿದು ತನ್ನ ಕೈಯಲ್ಲೇ ಬರೆದು ಕೊಟ್ಟಿದ್ದನ್ನು ಅವರು ನನಗೆ ತೋರಿಸಿದರು. "ಎಡಗಡೆ ಹಿಂದಿನ ಪವರ್ ವಿಂಡೋ ಕೆಲಸ ಮಾಡಲ್ಲ. ಎಸಿ ಗ್ಯಾಸ್ ಹಾಕಿಸಬೇಕು. ಮುಂದಿನ ಬ್ರೇಕ್ ಪ್ಯಾಡ್ ಹೊಸದು, ಬಿಲ್ ಇದೆ. ಸ್ಟೆಪ್ನಿ ಹಳೇದು, ದೂರ ಹೋಗಬೇಡಿ." ಕೆಳಗೆ ಸಹಿ, ತಾರೀಖು. ಆ ಹಾಳೆ ನೋಡಿದ ಮೇಲೆ ಚೌಕಾಸಿ ಮಾಡೋಕೆ ಮನಸ್ಸೇ ಬರಲಿಲ್ಲ, ಕೇಳಿದಷ್ಟು ಕೊಟ್ಟು ಬಂದೆ ಅಂದರು ಅವರು. ಅದಾದ ಮೇಲೆ ಅವರ ಇಬ್ಬರು ನೆಂಟರು ಅದೇ ಮನುಷ್ಯನ ಹತ್ತಿರ ಗಾಡಿ ತಗೊಂಡಿದ್ದಾರೆ. ನಾನು ತಗೊಂಡ ಜಾಗಕ್ಕೆ ಇಲ್ಲಿವರೆಗೂ ಒಬ್ಬರನ್ನೂ ಕಳಿಸಿಲ್ಲ.

ಸಕಲೇಶಪುರದ ಆ ಪಿಕಪ್ ಹುಡುಗನ ಹೆಸರು ಕೂಡ ಕೇಳಲಿಲ್ಲ ನಾನು. ಅಮ್ಮ ಧರ್ಮಸ್ಥಳದಲ್ಲಿ ಅವನ ಹೆಸರಿಗೆ ಅಂತಲೇ ಒಂದು ಕಾಯಿ ಒಡೆಸಿದರು.

ಮುಂದಿನ ಭಾನುವಾರ ನನ್ನ ಗೆಳತಿಗೆ ಕಾರು ನೋಡೋಕೆ ಹೋಗ್ತಿದೀವಿ. ಅವಳು ಒಳಗೆ ಕೂತು ಬ್ರೇಕ್ ತುಳೀತಾಳೆ, ನಾನು ಹಿಂದೆ ನಿಂತು ನೋಡ್ತೀನಿ. ಟೈರಿನ ಪಕ್ಕದಲ್ಲಿರೋ ನಾಲ್ಕು ಅಂಕಿಯನ್ನೂ ಓದ್ತೀವಿ, ಮೊದಲ ಎರಡು ಅಂಕಿ ಟೈರು ತಯಾರಾದ ವಾರ, ಕೊನೆಯ ಎರಡು ಅಂಕಿ ತಯಾರಾದ ವರ್ಷ. ಬಿಸಿಲಿದ್ದರೂ ಇರಲಿ ಅಂತ ಮುಂದಿನ ಗಾಜಿಗೆ ಸುರಿಯೋಕೆ ಒಂದು ಬಾಟಲ್ ನೀರು ಬ್ಯಾಗಿಗೆ ಹಾಕಿಟ್ಟಿದೀನಿ.