ಮಳೆ ಇಲ್ಲದ ದಿನ ಮಳೆನೀರಿನ ಚರಂಡಿಯಲ್ಲಿ ಹರಿಯುವ ನೀರು ಯಾರದು?

ನಮ್ಮ ಮನೆಯಲ್ಲಿ ಬಟ್ಟೆ ಒಗೆದ ನೀರು ಏಳು ವರ್ಷ ಮಳೆನೀರಿನ ಚರಂಡಿಗೆ ಹೋಗಿದೆ. ನನಗೆ ಗೊತ್ತೇ ಇರಲಿಲ್ಲ. ಹೋದ ಬೇಸಿಗೆಯಲ್ಲಿ ಗೊತ್ತಾಯಿತು.

ಮಳೆ ಬಿದ್ದು ಎರಡು ತಿಂಗಳಾಗಿತ್ತು. ಮನೆ ಹಿಂದಿನ ಚರಂಡಿಯಲ್ಲಿ ಮಾತ್ರ ಬೂದು ಬಣ್ಣದ ನೀರು, ಮೇಲೆ ನೊರೆ. ಯಾರೋ ಬಿಡುತ್ತಿದ್ದಾರೆ ಅಂತ ದಿನಾ ಬೈದುಕೊಳ್ಳುತ್ತಿದ್ದೆ. ಒಂದು ಭಾನುವಾರ ಅಲ್ಲೇ ನಿಂತಿದ್ದಾಗ ಒಳಗೆ ವಾಷಿಂಗ್ ಮಷಿನ್ ನೀರು ಬಿಟ್ಟಿತು. ಆ ಕ್ಷಣಕ್ಕೆ ನಮ್ಮದೇ ತಾರಸಿಯಿಂದ ಇಳಿಯುವ ಪೈಪಿನಲ್ಲಿ ಬೆಚ್ಚಗಿನ ಸೋಪಿನ ನೀರು ಬುಸ್ಸನೆ ಬಂತು. ಮಷಿನ್ ಕೂರಿಸಿದಾಗ ಪ್ಲಂಬರ್ ಹತ್ತಿರದಲ್ಲಿದ್ದ ಪೈಪಿಗೆ ಸೇರಿಸಿದ್ದರು. ಒಳಚರಂಡಿಯ ಲೈನ್ ಮನೆಯ ಆ ಬದಿಯಲ್ಲಿತ್ತು, ಅಲ್ಲಿಯವರೆಗೆ ಗೋಡೆ ಕೊರೆಯಬೇಕಿತ್ತು. ಅರ್ಧ ದಿನದ ಕೆಲಸ ಉಳಿಯಿತು. ಏಳು ವರ್ಷದ ಸೋಪು ಹಳ್ಳಕ್ಕೆ ಹೋಯಿತು.

ಸರಿ ಮಾಡಿಸಿದೆ. ಆದರೆ ಆ ದಿನದ ಸಂಕಟ ಹೋಗಲಿಲ್ಲ. ಆಮೇಲೆ ಈ ವಿಷಯ ಓದುತ್ತಾ ಹೋದೆ. ಓದಿದಷ್ಟೂ ಒಂದು ಮಾತು ಗಟ್ಟಿಯಾಯಿತು. ಮಳೆನೀರಿನ ಚರಂಡಿಯ ಬಾಯಿಂದ ಏನೇ ಹೊರಗೆ ಬಂದರೂ ಅದಕ್ಕೆ ಆ ಊರಿನ ಆಡಳಿತವೇ ಹೊಣೆ ಅಂತ ಕಾನೂನು ಹೇಳಬೇಕು. ಯಾರು ಬಿಟ್ಟರು ಅನ್ನುವುದು ಆಮೇಲಿನ ಪ್ರಶ್ನೆ.

ಎಷ್ಟೋ ಜನಕ್ಕೆ ರಸ್ತೆಯ ಕೆಳಗೆ ಎರಡು ಬೇರೆ ಬೇರೆ ದಾರಿ ಇರುತ್ತದೆ ಅಂತಲೇ ಗೊತ್ತಿಲ್ಲ. ಒಂದು ಒಳಚರಂಡಿ. ಶೌಚಾಲಯ, ಬಚ್ಚಲು, ಅಡುಗೆಮನೆಯ ನೀರು ಅದರಲ್ಲಿ ಹೋಗುತ್ತದೆ. ಅದರ ಕೊನೆಯಲ್ಲಿ ಶುದ್ಧೀಕರಣ ಘಟಕ ಇರುತ್ತದೆ, ಅಥವಾ ಇರಬೇಕು. ಇನ್ನೊಂದು ಮಳೆನೀರಿನ ಚರಂಡಿ. ರಸ್ತೆ ಮತ್ತು ತಾರಸಿಯ ನೀರು ಅದರಲ್ಲಿ ಹೋಗುತ್ತದೆ. ಅದರ ಕೊನೆಯಲ್ಲಿ ಏನೂ ಇರುವುದಿಲ್ಲ. ಜಾಲರಿ ಇದ್ದರೆ ಕಡ್ಡಿ ಕಸ ನಿಲ್ಲುತ್ತದೆ, ಅಷ್ಟೆ. ನೀರು ನೇರ ಹಳ್ಳಕ್ಕೆ, ಕೆರೆಗೆ, ನದಿಗೆ, ಸಮುದ್ರಕ್ಕೆ. ರಸ್ತೆ ಬದಿಯ ಆ ಕಿಂಡಿಗೆ ಒಂದು ಬಕೆಟ್ ಪೇಂಟ್ ತೊಳೆದ ನೀರು ಸುರಿದರೆ, ಕೆರೆಯ ದಡದಲ್ಲಿ ನಿಂತು ಸುರಿದ ಹಾಗೇ. ನಡುವೆ ಸ್ವಲ್ಪ ದೂರ ಇದೆ, ಅಷ್ಟೇ ವ್ಯತ್ಯಾಸ.

ಎಲ್ಲ ಊರುಗಳಲ್ಲೂ ಎರಡು ಪೈಪ್ ಇಲ್ಲ. ಹಳೆಯ ನಗರಗಳಲ್ಲಿ ಮಳೆನೀರು, ಕೊಳಚೆ ಎರಡೂ ಒಂದೇ ಪೈಪಿನಲ್ಲಿ ಹೋಗುತ್ತವೆ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ನಾರಿದ ಮೇಲೆ ಲಂಡನ್ನಿನಲ್ಲಿ ಜೋಸೆಫ್ ಬ್ಯಾಜಲ್ಗೆಟ್ ಕಟ್ಟಿಸಿದ್ದು ಅಂಥದ್ದೇ ವ್ಯವಸ್ಥೆ. ಜೋರು ಮಳೆ ಬಂದರೆ ಎರಡೂ ಒಟ್ಟಿಗೆ ಉಕ್ಕಿ ನದಿಗೆ ಹೋಗುತ್ತಿತ್ತು. ಅದನ್ನು ತಡೆಯಲು ಈಗ ನದಿಯ ಉದ್ದಕ್ಕೂ 25 ಕಿಲೋಮೀಟರ್ ಸುರಂಗ ತೋಡಿದ್ದಾರೆ. ಎರಡನ್ನೂ ಬೇರೆ ಮಾಡಿದ ಊರುಗಳಿಗೆ ಆ ಕಷ್ಟ ಕಡಿಮೆ. ಆದರೆ ಬೇರೆ ಮಾಡಿದ್ದು ಬೇರೆಯಾಗಿಯೇ ಉಳಿದರೆ ಮಾತ್ರ. ನಮ್ಮ ಮನೆಯಲ್ಲಿ ಆದಂಥ ಒಂದೊಂದು ತಪ್ಪು ಕನೆಕ್ಷನ್ ಎರಡನ್ನೂ ಮತ್ತೆ ಕೂಡಿಸುತ್ತಾ ಹೋಗುತ್ತದೆ.

ಸ್ವಲ್ಪ ಕೊಳಚೆ ಸೇರಿದರೆ ಏನಾಗುತ್ತದೆ, ಮಳೆ ಬಂದಾಗ ತೊಳೆದುಹೋಗುತ್ತದಲ್ವಾ ಅಂತ ಕೇಳುವವರಿದ್ದಾರೆ. 25 ಡಿಗ್ರಿ ಬಿಸಿಯಿರುವ ಒಂದು ಲೀಟರ್ ನೀರಿನಲ್ಲಿ ಹೆಚ್ಚೆಂದರೆ 8 ಮಿಲಿಗ್ರಾಂ ಚಿಲ್ಲರೆ ಆಮ್ಲಜನಕ ಕರಗುತ್ತದೆ. ಅದು 4ಕ್ಕಿಂತ ಕೆಳಗೆ ಇಳಿದರೆ ಎಷ್ಟೋ ಜಾತಿಯ ಮೀನುಗಳು ಒದ್ದಾಡುತ್ತವೆ. ಮನೆಗಳಿಂದ ಬರುವ ಒಂದು ಲೀಟರ್ ಕೊಳಚೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಸಾಮಾನ್ಯವಾಗಿ 200ರಿಂದ 300 ಮಿಲಿಗ್ರಾಂ ಆಮ್ಲಜನಕ ಬೇಕು. ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ಕೊಳಚೆ ಸುಮಾರು 25ರಿಂದ 35 ಲೀಟರ್ ಒಳ್ಳೆಯ ನೀರಿನ ಉಸಿರನ್ನು ಪೂರ್ತಿ ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಂತೂ ಹಳ್ಳದಲ್ಲಿ ನೀರೇ ಕಡಿಮೆ. ಕೊಳಚೆ ಮಾತ್ರ ದಿನಾ ಅಷ್ಟೇ ಬರುತ್ತದೆ. ಜೊತೆಗೆ ರೋಗಾಣು ಬೇರೆ. ಆ ನೀರಿನಲ್ಲಿ ಮಕ್ಕಳು ಆಡುತ್ತಾರೆ, ದನ ಕುಡಿಯುತ್ತದೆ.

ರಸ್ತೆಯ ಕೊಳೆಯೂ ಕಡಿಮೆಯದ್ದಲ್ಲ. ಟೈರಿನ ಪುಡಿ, ಬ್ರೇಕಿನ ತಾಮ್ರ, ಸೋರಿದ ಆಯಿಲ್, ಕಟ್ಟಡದ ಸಿಮೆಂಟ್ ನೀರು ಎಲ್ಲವೂ ಮೊದಲ ಮಳೆಗೆ ಒಟ್ಟಿಗೆ ಇಳಿಯುತ್ತವೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಹೊಳೆಗಳಲ್ಲಿ ಮಳೆ ಬಂದಾಗಲೆಲ್ಲ ಕೋಹೋ ಸಾಲ್ಮನ್ ಮೀನುಗಳು ಸಾಯುತ್ತಿದ್ದವು. ಬಹಳ ವರ್ಷ ಕಾರಣ ಸಿಕ್ಕಿರಲಿಲ್ಲ. ಟೈರ್ ಬೇಗ ಹಾಳಾಗದಿರಲಿ ಅಂತ ಸೇರಿಸುವ ಒಂದು ರಾಸಾಯನಿಕ ಗಾಳಿಯ ಓಝೋನ್ ಜೊತೆ ಸೇರಿ ವಿಷವಾಗುತ್ತದೆ ಅಂತ 2020ರಲ್ಲಿ ವಿಜ್ಞಾನಿಗಳು ತೋರಿಸಿದರು. ಇದು ಪ್ರತಿ ಗಾಡಿಯಿಂದಲೂ ಬರುವ ಕೊಳೆ, ಒಂದು ಊರು ಒಂದು ಆದೇಶದಲ್ಲಿ ನಿಲ್ಲಿಸಲಾಗದು. ತಪ್ಪು ಕನೆಕ್ಷನ್ ಹಾಗಲ್ಲ. ಅದಕ್ಕೆ ಒಂದು ವಿಳಾಸ ಇರುತ್ತದೆ.

ಆ ವಿಳಾಸ ಹುಡುಕುವ ಕೆಲಸ ಕಷ್ಟ ಅಂತ ನಾನೂ ಅಂದುಕೊಂಡಿದ್ದೆ. ಓದಿದ ಮೇಲೆ ಆಶ್ಚರ್ಯವಾಯಿತು. ಎಷ್ಟು ಸರಳ ಉಪಾಯಗಳಿವೆ!

ಎರಡು ಮೂರು ದಿನ ಮಳೆ ಬಾರದಿದ್ದರೆ ಮಳೆನೀರಿನ ಚರಂಡಿ ಒಣಗಿರಬೇಕು. ನೀರಿದ್ದರೆ ಎಲ್ಲಿಂದ ಬಂತು ಅಂತ ಕೇಳಬೇಕು. ಕೆಲವು ಕಡೆ ಅದು ಅಂತರ್ಜಲ ಒಸರುತ್ತಿರುವುದೂ ಇರಬಹುದು, ನಲ್ಲಿ ಪೈಪ್ ಒಡೆದದ್ದೂ ಇರಬಹುದು. ಆದ್ದರಿಂದ ನೀರನ್ನು ಪರೀಕ್ಷೆ ಮಾಡುತ್ತಾರೆ. ಅಮೋನಿಯಾ ಜಾಸ್ತಿ ಇದ್ದರೆ ಶೌಚದ ನೀರು. ಡಿಟರ್ಜೆಂಟ್ ಇದ್ದರೆ ಒಗೆದ ನೀರು. ಆಮೇಲೆ ಚರಂಡಿಯ ಬಾಯಿಂದ ಮೇಲಕ್ಕೆ ಒಂದೊಂದೇ ಮ್ಯಾನ್‌ಹೋಲ್ ಮುಚ್ಚಳ ತೆಗೆಯುತ್ತಾ ಹೋಗುತ್ತಾರೆ. ಇದರಲ್ಲಿ ಹರಿವು ಇದೆ, ಅದರ ಮೇಲಿನದರಲ್ಲಿ ಇಲ್ಲ. ಹಾಗಾದರೆ ತಪ್ಪು ಇವೆರಡರ ನಡುವೆ. ಬಿಟ್ಟು ಬಿಟ್ಟು ಬರುವ ನೀರಾದರೆ ಮ್ಯಾನ್‌ಹೋಲ್ ಒಳಗೆ ಮರಳಿನ ಚೀಲ ಇಟ್ಟು ಎರಡು ದಿನ ಬಿಟ್ಟು ಬರುತ್ತಾರೆ. ಹಿಂದೆ ನೀರು ನಿಂತಿದ್ದರೆ ಸಿಕ್ಕಿತು ಅಂತ ಅರ್ಥ. ಕೊನೆಗೆ ಅನುಮಾನ ಬಂದ ಮನೆಯ ಕಮೋಡಿಗೆ ವಿಷವಿಲ್ಲದ ಹಸಿರು ಬಣ್ಣ ಹಾಕಿ ಫ್ಲಶ್ ಮಾಡುತ್ತಾರೆ. ಬಣ್ಣ ಯಾವ ಪೈಪಿನಲ್ಲಿ ಕಾಣಿಸುತ್ತದೋ ಅದೇ ಉತ್ತರ.

ನನಗೆ ತುಂಬಾ ಇಷ್ಟವಾದದ್ದು ಹತ್ತಿಯ ಉಪಾಯ. ಬಟ್ಟೆ ಒಗೆಯುವ ಪುಡಿಯಲ್ಲಿ ಬಿಳುಪು ಹೊಳೆಯಲಿ ಅಂತ ಒಂದು ವಸ್ತು ಹಾಕಿರುತ್ತಾರೆ. ಅದು ಹತ್ತಿಗೆ ಅಂಟಿಕೊಳ್ಳುತ್ತದೆ. ಬ್ಲೀಚ್ ಮಾಡದ ಹತ್ತಿಯ ತುಂಡನ್ನು ಚರಂಡಿಯಲ್ಲಿ ಕೆಲವು ದಿನ ಕಟ್ಟಿ ಬಿಡುತ್ತಾರೆ. ಆಮೇಲೆ ಕತ್ತಲೆ ಕೋಣೆಯಲ್ಲಿ ಅತಿನೇರಳೆ ಬೆಳಕು ಬಿಟ್ಟು ನೋಡುತ್ತಾರೆ. ಒಗೆದ ನೀರು ಹಾದುಹೋಗಿದ್ದರೆ ಹತ್ತಿ ನೀಲಿಯಾಗಿ ಹೊಳೆಯುತ್ತದೆ. ಒಂದು ಹತ್ತಿ ತುಂಡು, ಒಂದು ದೀಪ. ನಮ್ಮ ಚರಂಡಿಯಲ್ಲಿ ಯಾರಾದರೂ ಇದನ್ನು ಮೊದಲ ವರ್ಷವೇ ಕಟ್ಟಿದ್ದರೆ ಆರು ವರ್ಷದ ಸೋಪು ಉಳಿಯುತ್ತಿತ್ತು.

ಯಾಕೆ ಯಾರೂ ಕಟ್ಟಲಿಲ್ಲ? ದೂರು ಬಂದರೆ ನೋಡೋಣ ಅನ್ನುವ ಪದ್ಧತಿ ಅದಕ್ಕೆ ಕಾರಣ ಅಂತ ನನಗೆ ಅನಿಸುತ್ತದೆ. ವಾಸನೆ ಬಂದ ಮೇಲೆ ದೂರು. ದೂರು ಬಂದ ಮೇಲೆ ನೋಟಿಸ್. ಆಮೇಲೆ ಮರೆವು. ಹುಡುಕಿಕೊಂಡು ಹೋಗುವ ಕೆಲಸ ಯಾರ ಪಟ್ಟಿಯಲ್ಲೂ ಇರುವುದಿಲ್ಲ.

ಅಮೆರಿಕದಲ್ಲಿ ಇದನ್ನು ಕಾನೂನಿನಿಂದಲೇ ಬದಲಾಯಿಸಿದರು. ಅಲ್ಲಿನ ಕ್ಲೀನ್ ವಾಟರ್ ಆಕ್ಟ್ 1972ರದ್ದು. ಮೊದಮೊದಲು ಗಮನವೆಲ್ಲ ಕಾರ್ಖಾನೆ ಮತ್ತು ಶುದ್ಧೀಕರಣ ಘಟಕದ ಪೈಪುಗಳ ಮೇಲಿತ್ತು. 1987ರ ತಿದ್ದುಪಡಿ ನಗರದ ಮಳೆನೀರಿನ ಚರಂಡಿಗೂ ಪರವಾನಗಿ ಬೇಕು ಅಂದಿತು. ಒಂದು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನರಿಗೆ ಚರಂಡಿ ಒದಗಿಸುವ ಊರುಗಳಿಗೆ 1990ರಲ್ಲಿ ನಿಯಮ ಬಂತು, ನಗರ ಪ್ರದೇಶದ ಚಿಕ್ಕ ಊರುಗಳಿಗೆ 1999ರಲ್ಲಿ. ಪರವಾನಗಿ ಪಡೆಯಬೇಕಾದದ್ದು ಊರಿನ ಆಡಳಿತವೇ. ಮಳೆನೀರಲ್ಲದ ನೀರು ಬಿಡುವುದನ್ನು ನಿಷೇಧಿಸುವ ಸ್ಥಳೀಯ ನಿಯಮ ಮಾಡಬೇಕು. ಚರಂಡಿಯ ಎಲ್ಲ ಬಾಯಿಗಳ ನಕ್ಷೆ ಇರಬೇಕು. ಅಕ್ರಮ ಹರಿವನ್ನು ಹುಡುಕಿ ನಿಲ್ಲಿಸುವ ಯೋಜನೆ ಇರಬೇಕು. ಬೆಂಕಿ ಆರಿಸಿದ ನೀರು, ಎಸಿಯಿಂದ ತೊಟ್ಟಿಕ್ಕುವ ನೀರಿನಂಥವಕ್ಕೆ ವಿನಾಯಿತಿಯೂ ಇದೆ. ಅದೂ ಸರಿಯಾದ ತೀರ್ಮಾನ. ಕ್ಷುಲ್ಲಕ ವಿಷಯಕ್ಕೆ ಜನರನ್ನು ಹಿಡಿದು ಕಾಡಿದರೆ ನಿಯಮದ ಮೇಲೆ ಗೌರವ ಹೋಗುತ್ತದೆ.

1987ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ನಡೆದ ಅಧ್ಯಯನವೊಂದು ಅಲ್ಲಿನ ಮಳೆನೀರಿನ ಚರಂಡಿಯಿಂದ ಹೊರಬರುವ ನೀರಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಳೆಯಿಂದ ಬಂದದ್ದೇ ಅಲ್ಲ ಅಂತ ಕಂಡುಕೊಂಡಿತು. ಅಳೆಯುವವರೆಗೆ ಯಾರಿಗೆ ಗೊತ್ತಿತ್ತು? ಇಂಗ್ಲೆಂಡಿನಲ್ಲೂ ಹಾಗೇ ಆಯಿತು. ಮಳೆಗೆ ಕೊಳಚೆ ಉಕ್ಕಿ ಹೊರಹೋಗುವ 14 ಸಾವಿರಕ್ಕೂ ಹೆಚ್ಚು ಜಾಗಗಳಿಗೆ 2023ರ ಕೊನೆಯ ಹೊತ್ತಿಗೆ ಮೀಟರ್ ಕೂರಿಸಿದರು. ಆ ವರ್ಷ ಒಟ್ಟು 36 ಲಕ್ಷ ಗಂಟೆ ಕೊಳಚೆ ಹೊರಗೆ ಹೋಗಿತ್ತು. ಆ ಸಂಖ್ಯೆ ಎಲ್ಲರಿಗೂ ಕಾಣುವಂತೆ ಪ್ರಕಟವಾಯಿತು. ಜನ ಸಿಟ್ಟಾದರು. ಸಿಟ್ಟಾಗಲೇಬೇಕು. ಆದರೆ ಅಳೆದದ್ದರಿಂದ ಮಾತ್ರ ಆ ಸಿಟ್ಟಿಗೆ ಒಂದು ಹಿಡಿ ಸಿಕ್ಕಿತು.

ದಂಡದ ವಿಷಯದಲ್ಲಿ ನನ್ನ ಅಭಿಪ್ರಾಯ ಕೆಲವು ಗೆಳೆಯರಿಗೆ ಹಿಡಿಸುವುದಿಲ್ಲ. ಸಿಕ್ಕವರಿಗೆಲ್ಲ ಭಾರಿ ದಂಡ ಹಾಕಿ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಗೊತ್ತಿಲ್ಲದೆ ತಪ್ಪು ಕನೆಕ್ಷನ್ ಇರುವ ಮನೆಯವರಿಗೆ ಮೊದಲು ಸಮಯ ಕೊಡಬೇಕು. ಮೂರು ತಿಂಗಳು ಕೊಡಿ. ಕೈಯಲ್ಲಿ ಹಣ ಇಲ್ಲದವರಿಗೆ ಆಡಳಿತವೇ ಸರಿ ಮಾಡಿಕೊಟ್ಟು ಕಂತಿನಲ್ಲಿ ವಸೂಲಿ ಮಾಡಲಿ. ದಂಡದ ಹೆದರಿಕೆ ಜಾಸ್ತಿಯಾದರೆ ಜನ ಪೈಪ್ ಮುಚ್ಚಿಡುತ್ತಾರೆ. ಬಣ್ಣದ ಪರೀಕ್ಷೆಗೆ ಬಾಗಿಲೇ ತೆಗೆಯುವುದಿಲ್ಲ. ದಂಡ ಕಟ್ಟಿ ರಸೀದಿ ಇಟ್ಟುಕೊಂಡು ಅದೇ ಪೈಪಿನಲ್ಲಿ ನೀರು ಬಿಡುತ್ತಾ ಕೂತರೆ ಹಳ್ಳಕ್ಕೇನು ಲಾಭ? ಕನೆಕ್ಷನ್ ಬದಲಾಗಬೇಕು. ಬದಲಾಗಿದೆ ಅಂತ ಮತ್ತೆ ಬಂದು ನೋಡಬೇಕು.

ಆದರೆ ರಾತ್ರಿ ಟ್ಯಾಂಕರ್ ತಂದು ಮ್ಯಾನ್‌ಹೋಲಿಗೆ ಶೌಚದ ಗುಂಡಿಯ ಕೊಳಚೆ ಸುರಿಯುವವರು, ಶುದ್ಧೀಕರಣದ ಖರ್ಚು ಉಳಿಸಲು ಮಳೆ ಬರುವುದನ್ನೇ ಕಾದು ಬಣ್ಣದ ನೀರು ಬಿಡುವ ಕಾರ್ಖಾನೆಯವರು ಬೇರೆ. ಅವರಿಗೆ ಎಲ್ಲವೂ ಗೊತ್ತಿದೆ. ಅವರ ಹತ್ತಿರ ದಂಡ ಕಡಿಮೆಯಾದರೆ ಅದು ಅವರಿಗೆ ಬಾಡಿಗೆ ಇದ್ದ ಹಾಗೆ. ಉಳಿಸಿದ ಖರ್ಚಿಗಿಂತ ದಂಡ ಜಾಸ್ತಿ ಇರಬೇಕು. ಎರಡನೇ ಸಲ ಸಿಕ್ಕರೆ ಪರವಾನಗಿ ಹೋಗಬೇಕು.

ಇನ್ನು ಹೇಳಲು ಕಷ್ಟವಾದ ಮಾತು. ಎಷ್ಟೋ ಕಡೆ ಮಳೆನೀರಿನ ಚರಂಡಿಗೆ ಕೊಳಚೆ ಬಿಡುವುದು ಆಡಳಿತವೇ. ಒಳಚರಂಡಿ ಕಟ್ಟಿಕೊಂಡಿತು, ರಸ್ತೆಯಲ್ಲಿ ಉಕ್ಕಿತು, ಜನ ಗಲಾಟೆ ಮಾಡಿದರು. ಸದ್ಯಕ್ಕೆ ಅಂತ ಪಕ್ಕದ ಚರಂಡಿಗೆ ಒಂದು ಪೈಪ್ ಹಾಕಿದರು. ಆ ಸದ್ಯಕ್ಕೆ ಹತ್ತು ವರ್ಷವಾಗಿರುತ್ತದೆ. ಮನೆಯವರಿಗೆ ನೋಟಿಸ್ ಕೊಡುವ ಕೈಗೆ ಈ ಪೈಪ್ ಕಾಣುವುದಿಲ್ಲ. ಆದ್ದರಿಂದಲೇ ಚರಂಡಿಯ ಬಾಯಿಗೆ ಆಡಳಿತವನ್ನು ಹೊಣೆ ಮಾಡಿ, ಅದನ್ನು ನೋಡಲು ಮೇಲೆ ಇನ್ನೊಂದು ಸಂಸ್ಥೆ ಇರಲಿ ಅನ್ನುತ್ತಿದ್ದೇನೆ. ತನ್ನ ಪೈಪನ್ನು ತಾನೇ ಪರೀಕ್ಷೆ ಮಾಡಿ ತಾನೇ ಪಾಸ್ ಮಾಡಿಕೊಳ್ಳುವುದು ಪರೀಕ್ಷೆಯೇ ಅಲ್ಲ.

ಹೊಸ ಮನೆಗಳಿಗೆ ಒಂದು ಸುಲಭದ ದಾರಿ ಇದೆ. ವಾಸಕ್ಕೆ ಅನುಮತಿ ಕೊಡುವ ಮೊದಲು ಪ್ರತಿ ಬಚ್ಚಲು, ಪ್ರತಿ ಸಿಂಕ್, ಪ್ರತಿ ಕಮೋಡಿಗೆ ಬಣ್ಣ ಹಾಕಿ ನೋಡಲಿ. ಒಂದು ಗಂಟೆಯ ಕೆಲಸ. ಗೋಡೆ ಪ್ಲಾಸ್ಟರ್ ಆದ ಮೇಲೆ ಅದೇ ತಪ್ಪು ಸರಿ ಮಾಡಲು ಎಷ್ಟು ಒದ್ದಾಟ ಅಂತ ನನಗೆ ಗೊತ್ತು.

ನಮ್ಮ ವಾರ್ಡಿನಲ್ಲಿ ಮಳೆನೀರಿನ ಚರಂಡಿಗಳ ಬಾಯಿ ಎಷ್ಟಿವೆ, ಎಲ್ಲೆಲ್ಲಿವೆ, ಕೊನೆಯ ಸಲ ಒಣ ದಿನದಲ್ಲಿ ಯಾವಾಗ ನೋಡಿದ್ದರು ಅಂತ ಮೂರು ಪ್ರಶ್ನೆ ಬರೆದು ಕೊಟ್ಟಿದ್ದೇನೆ. ನೀವೂ ನಿಮ್ಮಲ್ಲಿ ಕೇಳಿ. ಸುಮ್ನೆ ಕೆರೆ ಹಾಳಾಯಿತು ಅಂತ ಫೋಟೋ ಹಾಕುವುದಕ್ಕಿಂತ ಈ ನಕ್ಷೆ ಕೇಳುವುದು ಒಳ್ಳೆಯದು. ಕೇಳುವ ಮೊದಲು ಒಮ್ಮೆ ಮನೆ ಹಿಂದೆ ಹೋಗಿ, ಯಾರಾದರೂ ಒಳಗೆ ಮಷಿನ್ ಹಾಕಲಿ, ನೀವು ಪೈಪಿನ ಹತ್ತಿರ ನಿಂತು ನೋಡಿ.

ನಿನ್ನೆ ಸಂಜೆ ಮತ್ತೆ ಹೋಗಿ ನೋಡಿದೆ. ಮಳೆ ಬಂದು ಹನ್ನೊಂದು ದಿನ. ನಮ್ಮ ಪೈಪಿನ ಬಾಯಿ ಒಣಗಿದೆ, ಒಳಗೆ ಜೇಡ ಬಲೆ ಕಟ್ಟಿದೆ. ಚರಂಡಿಯಲ್ಲಿ ಮಾತ್ರ ಮೇಲಿನಿಂದ ಬೆರಳು ದಪ್ಪದ ಒಂದು ಧಾರೆ ಇನ್ನೂ ಬರುತ್ತಿದೆ. ಭಾನುವಾರ ಮೇಲಿನ ಬೀದಿಯ ಒಬ್ಬೊಬ್ಬರ ಮನೆಗೂ ಹೋಗಿ ನಮ್ಮ ಮನೆಯ ಕಥೆ ಹೇಳಬೇಕು ಅಂತಿದ್ದೇನೆ.